ಎರಡು ಬೆಳ್ಳಿಬಣ್ಣದ ಕಾರುಗಳ ನಡುವಿನ ಅಂತರ

೨೦೧೪ರ ಜೂನ್ ತಿಂಗಳ ಒಂದು ಶನಿವಾರ ಬೆಳಿಗ್ಗೆ, ಜಾವೇದನ ಕಾರು ಒಂದು ಕಿಲೋಮೀಟರ್ ದೂರವನ್ನು ಇಪ್ಪತ್ತೈದು ಸೆಕೆಂಡುಗಳಲ್ಲಿ ಕ್ರಮಿಸಿತೆಂದು ಪೊಲೀಸ್ ಹೆಲಿಕಾಪ್ಟರಿನಲ್ಲಿ ಕುಳಿತಿದ್ದ ವೀಕ್ಷಕ ದಾಖಲಿಸಿದ. ಲೆಕ್ಕ ಸರಳವಾದದ್ದು: ಗಂಟೆಗೆ ನೂರ ನಲವತ್ತನಾಲ್ಕು ಕಿಲೋಮೀಟರ್. ರಸ್ತೆಯ ಮಿತಿ ನೂರ ಹತ್ತು. ಮಿತಿಯನ್ನು ಮೂವತ್ತಕ್ಕಿಂತ ಹೆಚ್ಚು ಮೀರಿದವರ ಲೈಸೆನ್ಸ್ ಸಾಮಾನ್ಯವಾಗಿ ಉಳಿಯುವುದಿಲ್ಲ.

ಈ ಮಾಪನಕ್ಕೆ ರೇಡಾರ್ ಬೇಕಿಲ್ಲ. ಹೆದ್ದಾರಿಯ ಮೇಲೆ ಒಂದು ಕಿಲೋಮೀಟರ್ ಅಂತರದಲ್ಲಿ ಎರಡು ಅಗಲವಾದ ಬಿಳಿ ಪಟ್ಟಿಗಳಿವೆ. ಕಾರು ಮೊದಲ ಪಟ್ಟಿಯನ್ನು ದಾಟಿದಾಗ ವೀಕ್ಷಕ ಗಡಿಯಾರವನ್ನು ಒತ್ತುತ್ತಾನೆ, ಎರಡನೆಯದನ್ನು ದಾಟಿದಾಗ ನಿಲ್ಲಿಸುತ್ತಾನೆ. ಬಳಿಕ ಕಾರಿನ ಬಣ್ಣವನ್ನೂ ಮಾದರಿಯನ್ನೂ ಮುಂದೆ ಕಾಯುತ್ತಿರುವ ಗಸ್ತಿನವರಿಗೆ ರೇಡಿಯೋದಲ್ಲಿ ತಿಳಿಸುತ್ತಾನೆ. ಅಷ್ಟು ಎತ್ತರದಿಂದ ನಂಬರ್ ಪ್ಲೇಟ್ ಕಾಣುವುದಿಲ್ಲ. ಕಾಣುವುದು ಚಾವಣಿ ಮಾತ್ರ.

ಅಂದು ಆ ರಸ್ತೆಯಲ್ಲಿ ಒಂದೇ ಬಗೆಯ ಎರಡು ಚಾವಣಿಗಳಿದ್ದವು. ಸ್ವೀಡನ್ನಿನ ಟ್ರೋಲ್‌ಹೆಟ್ಟನ್ ಪಟ್ಟಣದ ವಿಮಾನ ಎಂಜಿನ್ ಕಾರ್ಖಾನೆಯೊಂದರಲ್ಲಿ ಕಂಪನ ಪರೀಕ್ಷೆಯ ಎಂಜಿನಿಯರ್ ಆಗಿದ್ದ ಇಮ್ತಿಯಾಜ್, ಹಿಂದಿನ ವರ್ಷ ತನಗೊಂದು ಬೆಳ್ಳಿಬಣ್ಣದ ವೋಲ್ವೋ ಕೊಂಡಾಗ, ಹೆಂಡತಿಯ ತಮ್ಮ ಜಾವೇದನಿಗೂ ಅದೇ ಮಾದರಿಯ, ಅದೇ ಬಣ್ಣದ ಕಾರನ್ನು ಕೊಡಿಸಿದ್ದ. ಒಂದರ ಚಳಿಗಾಲದ ಟೈರು ಇನ್ನೊಂದಕ್ಕೂ ಆಗುತ್ತದೆ ಎಂಬುದು ಅವನ ವಾದ. ಎಲ್ಲಿಗೆ ಹೋದರೂ ಎರಡೂ ಕಾರುಗಳು ಒಂದರ ಹಿಂದೊಂದು ಹೋಗಬೇಕೆಂಬುದು ಕುಟುಂಬದ ಪದ್ಧತಿ. ಅಂದು ಓರೆಬ್ರೂನಲ್ಲಿ ಸ್ನೇಹಿತರೊಬ್ಬರ ಮಗುವಿನ ಅಕೀಕಾ, ಅಂದರೆ ನಾಮಕರಣದ ಔತಣ, ಇತ್ತು. ಬಿರಿಯಾನಿಯ ದೊಡ್ಡ ಹಂಡೆ, ದೇಗ್, ಜಾವೇದನ ಕಾರಿನಲ್ಲಿದ್ದುದರಿಂದ ಅವನು ಮುಂದೆ. ಇಮ್ತಿಯಾಜ್ ಮತ್ತು ಅವನ ಹೆಂಡತಿ ನಿಲೋಫರ್ ಹಿಂದೆ.

ಗಸ್ತಿನವರು ನಿಲ್ಲಿಸಿದ್ದು ಮುಂದಿನ ಕಾರನ್ನು. ಜಾವೇದ್ ತಪ್ಪೊಪ್ಪಿಕೊಳ್ಳಲಿಲ್ಲ. ಹಾಗಿದ್ದರೆ ಪ್ರಕರಣ ತನಿಖೆಗೆ ಹೋಗುತ್ತದೆ, ಸಾಕ್ಷಿಯಿದ್ದರೆ ಲಿಖಿತವಾಗಿ ಕಳುಹಿಸಬಹುದು ಎಂದು ಮಹಿಳಾ ಅಧಿಕಾರಿ ಶಾಂತವಾಗಿ ವಿವರಿಸಿ, ವರದಿಯ ಒಂದು ಪ್ರತಿಯನ್ನು ಅಂಚೆಯಲ್ಲಿ ಕಳುಹಿಸುವುದಾಗಿ ಹೇಳಿದರು.

ಜಾವೇದನಿಗೆ ಲೈಸೆನ್ಸ್ ಸಿಕ್ಕು ಎಂಟು ತಿಂಗಳಾಗಿತ್ತು. ಬೆಂಗಳೂರಿನಲ್ಲಿ ಹನ್ನೆರಡು ವರ್ಷ ಕಾರು ಓಡಿಸಿದ್ದ ಅವನು ಸ್ವೀಡನ್ನಿನ ಪರೀಕ್ಷೆಯಲ್ಲಿ ನಾಲ್ಕು ಸಲ ಅನುತ್ತೀರ್ಣನಾಗಿ, ಐದನೆಯ ಸಲ ಗೆದ್ದಿದ್ದ. ಮೊದಲ ಎರಡು ವರ್ಷ ಪರೀಕ್ಷಾರ್ಥ ಅವಧಿ. ಅದರೊಳಗೆ ಲೈಸೆನ್ಸ್ ರದ್ದಾದರೆ ಎಲ್ಲವನ್ನೂ ಮೊದಲಿನಿಂದ ಬರೆಯಬೇಕು. ಅವನ ಕೆಲಸ ಆಸ್ಪತ್ರೆಗಳ ಪ್ರಯೋಗಾಲಯದ ಯಂತ್ರಗಳನ್ನು ದುರಸ್ತಿ ಮಾಡುವುದು. ಇಂದು ಓರೆಬ್ರೂ, ನಾಳೆ ಲುಂಡ್. ಕಾರು ಓಡಿಸಲಾಗದವನನ್ನು ಕಂಪನಿ ಇಟ್ಟುಕೊಳ್ಳುವುದಿಲ್ಲ, ಮತ್ತು ಅವನ ವರ್ಕ್ ಪರ್ಮಿಟ್ ಆ ಕಂಪನಿಯ ಹೆಸರಿನಲ್ಲಿದೆ.

ಎರಡು ವಾರದ ನಂತರ ವರದಿ ಬಂತು. ಒಂದು ಭಾನುವಾರ ಮೂವರೂ ಇಮ್ತಿಯಾಜನ ಅಡುಗೆಮನೆಯ ಮೇಜಿನ ಸುತ್ತ ಅದನ್ನು ಹರಡಿಕೊಂಡು ಕುಳಿತರು. ಇಮ್ತಿಯಾಜನ ಮನೆಮಾತು ದಖ್ಖನಿ, ಅಕ್ಕತಮ್ಮಂದಿರದು ಬ್ಯಾರಿ. ಮೂವರಿದ್ದಾಗ ಮಾತು ಕನ್ನಡದಲ್ಲೇ.

"ನೂರ ನಲವತ್ತನಾಲ್ಕು ನಾನು ಹೊಡೆದಿಲ್ಲ ಭಾವ. ದೇಗ್ ಇತ್ತು ಹಿಂದೆ. ಆ ಸ್ಪೀಡಲ್ಲಿ ಬಿರಿಯಾನಿ ನನ್ನ ತಲೆ ಮೇಲೆ ಬರ್ತಿತ್ತು," ಎಂದ ಜಾವೇದ್.

"ನಿನ್ನ ಡ್ರೈವಿಂಗ್ ನಂಗೆ ಗೊತ್ತಿಲ್ವಾ? ಕಲಿಸಿದ್ದೇ ನಾನು," ಎಂದ ಇಮ್ತಿಯಾಜ್. ಅದು ನಿಜ. ಜಾವೇದನ ಖಾಸಗಿ ತರಬೇತಿಯ ಮೇಲ್ವಿಚಾರಕನೆಂದು ಸರ್ಕಾರದಿಂದ ಅನುಮತಿ ಪಡೆದವನು ಅವನೇ.

ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದ ನಿಲೋಫರ್ ವರದಿಯನ್ನು ಎರಡನೆಯ ಸಲ ಓದುತ್ತಿದ್ದಳು. ಒಂದು ಸಾಲಿನ ಮೇಲೆ ಅವಳ ಬೆರಳು ನಿಂತಿತು. "ಇಲ್ಲಿ ನೋಡಿ. ಗಡಿಯಾರ ಶುರು ಮಾಡಿದಾಗ ಕಾರು ಒಂದು ಕೆಂಪು ಲಾರಿ ಪಕ್ಕದಲ್ಲೇ ಇತ್ತು ಅಂತ ಬರೆದಿದಾರೆ. ಆ ಬಿಳಿ ಪಟ್ಟಿ ಮೇಲೆ ಲಾರಿ ಪಕ್ಕ ಇದ್ದಿದ್ದು ನಾವು. ಲಾರಿ ಮೇಲಿನ ಕುದುರೆ ಚಿತ್ರ ನನ್ನ ಕಿಟಕಿಗೇ ಇತ್ತು. ಇವನು ಆಗಲೇ ಮುಂದೆ ಹೋಗಿದ್ದ."

ನಂತರ ಇಮ್ತಿಯಾಜ್ ಒಂದು ಹಾಳೆಯ ಮೇಲೆ ಗೆರೆ ಎಳೆದು ವಿವರಿಸಿದ. ಗಡಿಯಾರ ಶುರುವಾದದ್ದು ಹಿಂದಿನ ಕಾರು ಪಟ್ಟಿ ದಾಟಿದಾಗ. ಆಮೇಲೆ ತಿರುವಿನಲ್ಲಿ ಪೈನ್ ಮರಗಳು ರಸ್ತೆಯನ್ನು ಮರೆಮಾಡಿದವು. ಮರಗಳಾಚೆ ಮೊದಲು ಕಂಡ ಬೆಳ್ಳಿಬಣ್ಣದ ಕಾರು ಜಾವೇದನದು. ಗಡಿಯಾರ ನಿಂತದ್ದು ಅವನು ಎರಡನೆಯ ಪಟ್ಟಿ ದಾಟಿದಾಗ. ಎರಡು ಕಾರುಗಳ ನಡುವೆ ಎಷ್ಟು ಸೆಕೆಂಡುಗಳ ಅಂತರವಿತ್ತೋ ಅಷ್ಟನ್ನು ಇಪ್ಪತ್ತೈದಕ್ಕೆ ಕೂಡಿಸಿದರೆ ಜಾವೇದನ ನಿಜವಾದ ಸಮಯ ಸಿಗುತ್ತದೆ.

"ಅಂತರ ಎಷ್ಟಿತ್ತು?" ಎಂದು ಜಾವೇದ್ ಕೇಳಿದ.

"ಮೂರು ಸೆಕೆಂಡ್. ಯಾವಾಗಲೂ ಮೂರೇ ಇಡ್ತೀನಿ ನಾನು. ಕ್ರೂಸ್ ಕಂಟ್ರೋಲ್ ನೂರ ಹತ್ತಕ್ಕೆ ಹಾಕಿ."

ನಿಲೋಫರ್ ಪೆನ್ನು ತೆಗೆದುಕೊಂಡಳು. "ಮೂರು ಕೂಡಿಸಿದ್ರೆ ಇಪ್ಪತ್ತೆಂಟು. ಅಂದ್ರೆ ಇವನು ನೂರ ಇಪ್ಪತ್ತೆಂಟಕ್ಕಿಂತ ಜಾಸ್ತಿ ಹೋಗಿದಾನೆ. ನಿಮ್ಮಿಬ್ಬರ ನಡುವೆ ಅಂತರ ಬದಲಾಗಲೇ ಇಲ್ಲ ಅಂದ್ರೆ ನೀವೂ ಅಷ್ಟೇ ಸ್ಪೀಡಲ್ಲಿದ್ರಿ. ನೀವು ನೂರ ಹತ್ತರಲ್ಲಿದ್ರೆ ಅಂತರ ಬೆಳೀತಾನೇ ಹೋಗಬೇಕಿತ್ತು. ಎರಡರಲ್ಲಿ ಒಂದು ಬಿಟ್ಟುಬಿಡಿ."

"ಕ್ರೂಸ್ ಇತ್ತು ನಿಲೋ."

"ಮಾರಿಯೆಸ್ಟಾಡ್ ದಾಟಿದ ಮೇಲೆ ತೆಗೆದ್ರಿ. 'ಇವನು ಎಕ್ಸಿಟ್ ಮಿಸ್ ಮಾಡ್ತಾನೆ' ಅಂತ ಗೊಣಗಿಕೊಂಡು ಹಿಂದೆ ಬಿದ್ರಿ. ನಾನು ಪಕ್ಕದಲ್ಲೇ ಇದ್ದೆನಲ್ಲ."

ಅಷ್ಟರಲ್ಲಿ ಜಾವೇದ್ ಫೋನಿನಲ್ಲಿ ಲೆಕ್ಕ ಮಾಡಿ ಮುಗಿಸಿದ್ದ.

"ಎಂಟು ಅಂತ ಬರೀರಿ ಭಾವ. ಇಪ್ಪತ್ತೈದು ಪ್ಲಸ್ ಎಂಟು, ಮೂವತ್ತಮೂರು. ನಾನೂ ನೂರ ಒಂಬತ್ತು, ನೀವೂ ನೂರ ಒಂಬತ್ತು. ಯಾರಿಗೂ ತೊಂದ್ರೆ ಇಲ್ಲ. ಒಂದು ನಂಬರ್ ಅಷ್ಟೆ."

"ನಾನು ಅಳೆದಿಲ್ಲವಲ್ಲ ಅದನ್ನ."

"ಮೂರು ಅಳೆದಿದ್ರಾ?" ಎಂದು ಜಾವೇದ್ ಕೇಳಿದ. ಅವನ ದನಿ ಏರಲಿಲ್ಲ. "ಐದು ಸಲ ಪರೀಕ್ಷೆ ಬರೆದವನು ನಾನು. ಲೈಸೆನ್ಸ್ ಹೋದ್ರೆ ಕೆಲಸ ಹೋಯ್ತು, ಕೆಲಸ ಹೋದ್ರೆ ಮೂರು ತಿಂಗಳಲ್ಲಿ ಗಂಟುಮೂಟೆ ಕಟ್ಟಬೇಕು. ನಿಮಗೆ ಹೋಗೋದು ಏನು ಹೇಳಿ?"

ನಿಲೋಫರ್ ಚಹಾದ ಲೋಟಗಳನ್ನು ಎತ್ತಿಕೊಂಡು ಸಿಂಕಿನ ಕಡೆ ಹೋದಳು.

ಆ ಸಂಜೆ ಜಾವೇದ್ ಹೊರಟ ಮೇಲೆ ಇಮ್ತಿಯಾಜ್ ಹೇಳಿಕೆಯನ್ನು ಮೂರು ಸಲ ಬರೆದ. ಮೊದಲನೆಯದರಲ್ಲಿ ಎಂಟು ಸೆಕೆಂಡುಗಳಿದ್ದವು. ಎರಡನೆಯದರಲ್ಲಿ ತನ್ನ ವೇಗದ ಪ್ರಸ್ತಾಪವೇ ಇರಲಿಲ್ಲ. ಮೂರನೆಯದರಲ್ಲಿ ಅವನು ಬರೆದದ್ದು ಇಷ್ಟು: ಎರಡೂ ಕಾರುಗಳ ಮಾದರಿ ಮತ್ತು ಬಣ್ಣ ಒಂದೇ. ಮೊದಲ ಪಟ್ಟಿಯ ಮೇಲೆ ಕೆಂಪು ಲಾರಿಯ ಪಕ್ಕದಲ್ಲಿದ್ದುದು ನನ್ನ ಕಾರು. ಜಾವೇದನ ಕಾರು ಮುಂದಿತ್ತು. ನಡುವಿನ ಅಂತರವನ್ನು ನಾನು ಅಳೆದಿಲ್ಲ. ಕ್ರೂಸ್ ಕಂಟ್ರೋಲ್ ಆಫ್ ಆಗಿತ್ತು; ಅವನನ್ನು ಹಿಂಬಾಲಿಸುತ್ತಿದ್ದ ನಾನು ವೇಗದ ಮುಳ್ಳನ್ನು ನೋಡಲಿಲ್ಲ. ನನ್ನ ವೇಗವೂ ಮಿತಿಗಿಂತ ಹೆಚ್ಚಿತ್ತೆಂದು ಭಾವಿಸುತ್ತೇನೆ. ಹೆಲಿಕಾಪ್ಟರಿನ ಚಿತ್ರೀಕರಣವಿದ್ದರೆ ದಯವಿಟ್ಟು ಪರಿಶೀಲಿಸಿ.

ಕೆಳಗೆ ತನ್ನ ಪೂರ್ಣ ಹೆಸರು, ಪರ್ಸೂನ್‌ನುಮ್ಮರ್ ಎಂಬ ಹತ್ತಂಕಿಯ ಗುರುತು ಸಂಖ್ಯೆ ಮತ್ತು ಸಹಿ ಹಾಕಿದ. ಅದನ್ನು ಪೊಲೀಸರಿಗೆ ಅಂಚೆಯಲ್ಲಿ ಹಾಕಿ, ಪ್ರತಿಯನ್ನು ಜಾವೇದನಿಗೂ ಕಳುಹಿಸಿದ. ಜಾವೇದ್ ಉತ್ತರ ಬರೆಯಲಿಲ್ಲ; ಮುಂದಿನ ಎರಡು ಭಾನುವಾರ ಊಟಕ್ಕೂ ಬರಲಿಲ್ಲ.

ಆಗಸ್ಟ್ ಮೊದಲ ವಾರ ಅವನು ತೆರೆದ ಲಕೋಟೆಯೊಂದಿಗೆ ಬಂದ. ಬಾಗಿಲಲ್ಲಿಯೇ ನಿಂತು ಓದಿದ. ಚಿತ್ರೀಕರಣವನ್ನು ಪರಿಶೀಲಿಸಲಾಗಿದೆ, ಮೊದಲ ಪಟ್ಟಿಯನ್ನು ಒಂದೇ ಬಗೆಯ ಎರಡು ಕಾರುಗಳು ಸುಮಾರು ಐದು ಸೆಕೆಂಡುಗಳ ಅಂತರದಲ್ಲಿ ದಾಟಿವೆ, ಮಾಪನವನ್ನು ಸಾಕ್ಷ್ಯವಾಗಿ ಬಳಸಲಾಗದು, ಪ್ರಕರಣವನ್ನು ಕೈಬಿಡಲಾಗಿದೆ.

"ಐದು," ಎಂದಳು ನಿಲೋಫರ್. "ಮೂವತ್ತು ಸೆಕೆಂಡ್. ನೂರ ಇಪ್ಪತ್ತು."

"ಹ್ಞೂಂ," ಎಂದ ಜಾವೇದ್. ಲಕೋಟೆಯನ್ನು ಮಡಿಸುತ್ತಾ ಭಾವನ ಕಡೆ ನೋಡಿದ. "ಎಂಟು ಬರೆದಿದ್ರೂ ಇವರು ಫಿಲ್ಮ್ ನೋಡೇ ನೋಡ್ತಿದ್ರು, ಅಲ್ವಾ?"

"ನೋಡ್ತಿದ್ರೋ ಏನೋ. ಬರೆಯುವಾಗ ನಂಗೆ ಅದು ಗೊತ್ತಿರಲಿಲ್ಲ."

ಜಾವೇದ್ ಶೂ ಬಿಚ್ಚಿ ಒಳಗೆ ಬಂದ. ಸೋಮವಾರ ಬೆಳಿಗ್ಗೆ ಲುಂಡ್ ಆಸ್ಪತ್ರೆಯಲ್ಲಿರಬೇಕು, ಊಟವಿದ್ದರೆ ಬೇಗ ಹಾಕು ಅಕ್ಕ ಎಂದ.

ತನ್ನ ವೇಗವೂ ಹೆಚ್ಚಿತ್ತೆಂದು ಬರೆದಿದ್ದ ಇಮ್ತಿಯಾಜನಿಗೆ ಪೊಲೀಸರಿಂದ ಯಾವ ಪತ್ರವೂ ಬರಲಿಲ್ಲ. ಆ ತಿಂಗಳೆಲ್ಲ ಅಂಚೆಪೆಟ್ಟಿಗೆಯನ್ನು ಮನೆಯಲ್ಲಿ ಮೊದಲು ತೆರೆಯುತ್ತಿದ್ದವನು ಅವನೇ. ಒಂದು ದಿನ ಖಾಲಿ ಕೈಯಲ್ಲಿ ಮರಳಿದಾಗ ನಿಲೋಫರ್ ಕೇಳಿದಳು:

"ಪೊಲೀಸರು ಮರೆತರು ಅಂತ ಬೇಜಾರಾ?"

"ಬರೆದು ಕೊಟ್ಟಿದ್ದೀನಲ್ಲ," ಎಂದ ಇಮ್ತಿಯಾಜ್. "ಓದಿದ್ರೋ ಇಲ್ವೋ ಅಂತ ಅಷ್ಟೆ."