ನಾಲ್ಕು ಮಂದಿ ಎತ್ತುವ ಕಾರು

"ಕಂಕಳಾಗ ಕೈ ಹಾಕ್ರಿ, ಕಂಕಳಾಗ! ಜಾರಾಕತ್ತಾನ ನೋಡ್ರಿ!"

ಮಾಳಿಂಗಪ್ಪ ಕೂಗಿದ್ದೇ ತಡ, ಹುಸೇನಪ್ಪ ಎರಡೂ ಕೈಗಳನ್ನು ಹೆಣದ ಕಂಕುಳಲ್ಲಿ ತೂರಿಸಿ ಮೇಲಕ್ಕೆಳೆದ. ದ್ಯಾವಪ್ಪ ಕೂತ. ಕೆಳಗಿನ ಸ್ಪ್ರಿಂಗುಗಳು ಕಿರ್ರೆಂದು ಅವನ ಭಾರಕ್ಕೆ ಕುಸಿದವು. ಎದೆಗೆ ಸುತ್ತಿದ್ದ ಬಿಳಿ ಧೋತರವನ್ನು ಬಿಚ್ಚಿ ನೋಡುವ ಧೈರ್ಯವನ್ನು ಯಾರೂ ಮಾಡಿರಲಿಲ್ಲ. ಮುಖ ಮಾತ್ರ ನಿನ್ನೆಯ ಹಾಗೇ ಇತ್ತು. ಹಣೆಗೆ ವಿಭೂತಿ, ತಲೆಗೆ ಹೊಸ ರುಮಾಲು.

ಸತ್ತವರನ್ನು ಗೋಡೆಗೆ ಆನಿಸಿ ಕೂಡಿಸುವುದು ಅವರಲ್ಲಿಯ ಪದ್ಧತಿ. ಆದರೆ ಕಾರಿನ ಹಿಂದಿನ ಸೀಟಿನ ಮೇಲೆ ಕೂತು ಮಣ್ಣಿಗೆ ಕಾದವನು ಇಡೀ ಮಸ್ಕಿಯಲ್ಲಿ ದ್ಯಾವಪ್ಪನೇ ಮೊದಲಿಗ. ಅದು ಅವನದೇ ಬಾಡಿಗೆ ಕಾರಿನ ಸೀಟು. ಲಿಂಗಸುಗೂರಿನಿಂದ ಸಿಂಧನೂರಿಗೆ, ಸಿಂಧನೂರಿನಿಂದ ಲಿಂಗಸುಗೂರಿಗೆ ದಿನಾ ಓಡುವ ಕಾರನ್ನು ಹಗುರ ಮಾಡಲೆಂದು ಆ ಸೀಟನ್ನು ಬಿಚ್ಚಿ ಮನೆಗೆ ತಂದಿಟ್ಟಿದ್ದ. ಅದರ ಜಾಗದಲ್ಲಿ ತೆಳ್ಳನೆಯ ಬೇವಿನ ಹಲಗೆ ಬಡಿದಿದ್ದ. ಮನೆಗೆ ಬಂದವರಿಗೆ ಕಾರಿನ ಸೀಟು, ಕಾರಿಗೆ ಬಂದವರಿಗೆ ಮನೆಯ ಹಲಗೆ ಎಂದು ಊರ ತುಂಬ ಹೇಳಿ ನಗಿಸಿದವನು ಕಾರು ರಿಪೇರಿಯ ಮೇಸ್ತ್ರಿ ಹುಸೇನಪ್ಪನೇ.

ಸೀಟೊಂದೇ ಅಲ್ಲ. ಮುಂದಿನ ಬಂಪರು ಬಚ್ಚಲ ಮುಂದೆ ಸೀರೆ ಒಣಗಿಸುವ ಕಂಬಿಯಾಗಿತ್ತು. ಹಿಂದಿನ ಬಾಗಿಲಿನ ಗಾಜು ಹಿಟ್ಟಿನ ಡಬ್ಬಿಯ ಮುಚ್ಚಳವಾಗಿತ್ತು. ಸ್ಟೆಪ್ನಿಯ ಚಕ್ರ ಅಂಗಳದ ಮೂಲೆಯಲ್ಲಿತ್ತು. ಅದರ ನಡುವೆ ಕೋಳಿಯೊಂದು ಕಾವಿಗೆ ಕೂತು, ಇಷ್ಟು ಜನ ಬಂದರೂ ಏಳದೆ, ಬಂದವರನ್ನೆಲ್ಲ ಒಂದೇ ಕಣ್ಣಿನಿಂದ ನೋಡುತ್ತಿತ್ತು. ಎರಡು ವರ್ಷಗಳಲ್ಲಿ ಕಾರು ಸ್ವಲ್ಪ ಸ್ವಲ್ಪವಾಗಿ ಮನೆ ಸೇರಿತ್ತು. ಸೇರದೆ ಉಳಿದದ್ದು ಕಾರು ಎತ್ತುವ ಜಾಕು ಒಂದೇ.

ಅದು ಎಲ್ಲಿದೆ ಎಂಬುದು ಹುಸೇನಪ್ಪನಿಗೆ ಗೊತ್ತಿತ್ತು. ಬಸ್ ಸ್ಟ್ಯಾಂಡಿನ ಹಿಂದೆ, ಅವನ ಶೆಡ್ಡಿನಲ್ಲಿ, ಈ ಹೊತ್ತಿನಲ್ಲೂ ಅದು ಆಂಧ್ರ ಕ್ಯಾಂಪಿನ ರಾಜುಗಾರ ಜೀಪನ್ನು ಎತ್ತಿ ಹಿಡಿದಿತ್ತು.

"ಹೆಂಗಾತಪಾ ಇದು?" ಎಂದು ಹೊಸದಾಗಿ ಬಂದವರೊಬ್ಬರು ಮಾಳಿಂಗಪ್ಪನನ್ನು ಕೇಳಿದರು. ಮಾಳಿಂಗಪ್ಪ ಸಿಂಧನೂರಿನ ರೈಸ್ ಮಿಲ್ಲಿನ ಹಮಾಲ. ನಿನ್ನೆ ಅದೇ ಕಾರಿನಲ್ಲಿದ್ದ. ಮುಂಜಾನೆಯಿಂದ ಹೇಳಿ ಹೇಳಿ ಅವನ ದನಿ ಸವೆದಿತ್ತು.

"ಕಾಲುವಿ ಸೇತುವಿ ಇಳದ್ವಿ ನೋಡ್ರಿ, ಖಣಲ್ ಅಂತ ಸೈಲೆನ್ಸರ್ ಜೋತು ಬಿತ್ತು. 'ಇಳೀರಿ, ತಂತಿ ಬಿಗೀತೀನಿ' ಅಂದ. ನಾವು ನಾಲ್ಕು ಮಂದಿ ಕೂಡಿ ಎತ್ತಿದ್ವಿ, ಕೆಳಗ ಕಲ್ಲು ಕೊಟ್ವಿ. ಯಾವಾಗ್ಲೂ ಹಂಗ ಮಾಡತಿದ್ವಿ. ಒಳಗ ತೂರಿದ."

"ಮತ್ತ?"

"ಮತ್ತೇನ್ರಿ. ಕಾಲುವಿ ನೀರು ರಸ್ತಾದ ಬದೀಗೆ ಬಸದು ಬಸದು, ಎರಿಮಣ್ಣು ಮ್ಯಾಲ ಒಣಗಿದ್ಹಂಗ ಕಾಣತೈತಿ, ಒಳಗೆಲ್ಲಾ ರಾಡಿ. ಕಲ್ಲು ಬೆಣ್ಯಾಗ ಹೋದಂಗ ಹೋತು. ಕಾಲುವಿ ಬರೂ ಮೊದಲು ಅಲ್ಲಿ ಗುದ್ದಲಿ ಹಾಕಿದ್ರ ಕಿಡಿ ಹಾರತಿತ್ತಲ್ರಿ... ನಮಗ ಆ ನೆಲ ಗೊತ್ತು, ಈ ನೆಲ ಗೊತ್ತಿಲ್ಲ."

"ಜಾಕ್ ಇರಲಿಲ್ಲೇನು?"

ಮಾಳಿಂಗಪ್ಪ ಇಲ್ಲವೆಂದು ತಲೆಯಾಡಿಸಿದ. ಹುಸೇನಪ್ಪ ಬಗ್ಗಿ, ಸರಿಯಾಗಿಯೇ ಇದ್ದ ದ್ಯಾವಪ್ಪನ ರುಮಾಲನ್ನು ಇನ್ನೊಮ್ಮೆ ಸರಿಮಾಡಿದ.

*

ಎರಡು ವರ್ಷದ ಹಿಂದಿನ ಮಾತು, ಎಲ್ಲೋ ಸಮುದ್ರದಾಚೆ ಯಾರೋ ಜಗಳಾಡಿ ಇಲ್ಲಿ ಪೆಟ್ರೋಲು ತುಟ್ಟಿಯಾದ ವರ್ಷ ಅದು. ದ್ಯಾವಪ್ಪ ಒಂದು ಬೆಳಿಗ್ಗೆ ಶೆಡ್ಡಿಗೆ ಬಂದು ನಿಂತ. ಅವನು ಮಾತಾಡುವ ಮುಂಚೆ ಗಂಟಲು ಎರಡು ಸಲ ಗುರ್ ಗುರ್ ಅನ್ನುತ್ತಿತ್ತು, ಚಳಿಗಾಲದ ಮುಂಜಾನೆ ಹತ್ತದ ಎಂಜಿನ್ನಿನಂತೆ. ಆಮೇಲೆ ಹೊರಡುತ್ತಿದ್ದದ್ದು ಮಾತ್ರ ತೆಳ್ಳನೆಯ, ಮೂಗಿನಲ್ಲಿ ಸೋಸಿದ ದನಿ.

"ಹುಸೇನಾ, ಕಾರು ಭಾಳ ಕುಡಿಯಾಕತ್ತೈತೋ."

"ಕುಡಿಯೋರಿಗೆ ಬುದ್ಧಿ ಹೇಳಿದ್ರ ಕೇಳತಾರೇನು? ಹೊಟ್ಟಿ ಕರಗಸು ಅದರದು," ಎಂದ ಹುಸೇನಪ್ಪ. "ಎಂಜಿನ್ ಅಂದ್ರ ಎತ್ತು ಇದ್ದಂಗ. ಬಂಡಿ ವಜ್ಜಿ ಇಳಸು, ಮೇವು ಕಮ್ಮಿ ಆಗತೈತಿ."

ಅವನು ಅರ್ಧ ತಮಾಷೆಗೆ ಹೇಳಿದ್ದ. ದ್ಯಾವಪ್ಪ ಪೂರ್ತಿ ನಂಬಿದ. ಒಂದು ಲೀಟರಿನ ಬಾಟಲಿಗೆ ಪೆಟ್ರೋಲು ತುಂಬಿ, ಎಂಜಿನ್ನಿಗೆ ನಳಿಗೆ ಕಟ್ಟಿ, ಇಬ್ಬರೂ ಲಿಂಗಸುಗೂರಿನ ದಾರಿ ಹಿಡಿದರು. ಕಾರು ನಿಂತ ಜಾಗದಲ್ಲಿ ಒಂದು ಕಲ್ಲಿಗೆ ಸುಣ್ಣ ಬಳಿದರು. ಮರುದಿನ ಹಿಂದಿನ ಸೀಟು ತೆಗೆದು ಹೊರಟರು. ಕಾರು ಸುಣ್ಣದ ಕಲ್ಲನ್ನು ದಾಟಿ, ಒಂದು ಕೂಗಳತೆ ಮುಂದೆ ಹೋಗಿ ನಿಂತಿತು. ದ್ಯಾವಪ್ಪ ಕೆಳಗಿಳಿದು ಆ ನಡುವಿನ ನೆಲವನ್ನು ಹೆಜ್ಜೆ ಹಾಕಿ ಅಳೆದ. ತನ್ನ ಹೆಸರಿಗೆ ಹೊಲ ಬರೆದುಕೊಟ್ಟ ಹಾಗಿತ್ತು ಅವನ ಮುಖ.

ಅಲ್ಲಿಂದ ಹಿಡಿದ ಹುಚ್ಚು ಬಿಡಲಿಲ್ಲ. ಬಂಪರು ಹೋಯಿತು, ಸ್ಟೆಪ್ನಿ ಹೋಯಿತು. ಪ್ರಯಾಣಿಕರ ಗಂಟನ್ನು ಒಂದೊಂದಾಗಿ ಕೈಯಲ್ಲಿ ತೂಗಿ ನೋಡುತ್ತಿದ್ದ. "ಯಕ್ಕಾ, ಚರಿಗ್ಯಾಗಿನ ನೀರು ಚೆಲ್ಲು, ಸಿಂಧನೂರಾಗ ಕಾಲುವಿನ ಐತಿ" ಎನ್ನುತ್ತಿದ್ದ. ಒಂದು ದಿನ ಹುಸೇನಪ್ಪ, "ನಿನ್ನ ಮೀಸಿ ಏನಿಲ್ಲಂದ್ರೂ ಪಾವ್ ಸೇರು ಐತಿ ನೋಡು" ಎಂದ. ಮರುದಿನ ದ್ಯಾವಪ್ಪ ಮೀಸೆ ಇಲ್ಲದೆ ಬಂದ. ತಮಾಷೆಗೋ ನಿಜಕ್ಕೋ ಯಾರಿಗೂ ತಿಳಿಯಲಿಲ್ಲ. ಹೆಂಡತಿ ಆದೆಮ್ಮ ಮೂರು ದಿನ ಅವನ ಮುಖ ನೋಡಿ ನಕ್ಕಳಂತೆ.

ಕೊನೆಗೆ ಉಳಿದದ್ದು ಜಾಕು. ಹಳೆಯ ಕಾಲದ ಗಟ್ಟಿ ಮಾಲು. ಹುಸೇನಪ್ಪನ ಸ್ವಂತ ಜಾಕಿನ ಹಲ್ಲು ಸವೆದು ಆರು ತಿಂಗಳಾಗಿತ್ತು. ಅವನು ಹೋಟೆಲ್ ಮುಂದೆ ಕೂತಿದ್ದ ಮಾಳಿಂಗಪ್ಪನನ್ನೂ ಇನ್ನೂ ಮೂವರನ್ನೂ ಕರೆದ.

"ಎತ್ರಿ ಲೇ."

ಎತ್ತಿದರು. ಹಿಂದಿನ ಎರಡು ಚಕ್ರಗಳು ನೆಲ ಬಿಟ್ಟವು. ಹೋಟೆಲಿನವರೆಲ್ಲ ಚಪ್ಪಾಳೆ ತಟ್ಟಿದರು. ಅವರೆಲ್ಲ ಚದುರಿದ ಮೇಲೆ ಹುಸೇನಪ್ಪ ದ್ಯಾವಪ್ಪನೊಬ್ಬನಿಗೇ ಹೇಳಿದ:

"ನೋಡಿದಿ? ನಾಲ್ಕು ಮಂದಿ ಎತ್ತತಾರ ನಿನ್ನ ಕಾರು. ಕಾರಿನ್ಯಾಗ ಯಾವಾಗ್ಲೂ ನಾಲ್ಕು ಮಂದಿ ಇದ್ದ ಇರತಾರ. ಜಾಕ್ ಯಾಕ ಹೊರತೀ? ನನ್ನ ಕಡೆ ಇರಲಿ ಬಿಡು."

ದ್ಯಾವಪ್ಪ ಗುರ್ ಗುರ್ ಅಂದು, ನಕ್ಕು, ಕೊಟ್ಟು ಹೋದ.

*

ಬಿಸಿಲು ಅಂಗಳಕ್ಕೆ ಇಳಿಯುವ ಹೊತ್ತಿಗೆ ದಢೇಸುಗೂರಿನಿಂದ ದ್ಯಾವಪ್ಪನ ಅಕ್ಕ ಅಯ್ಯಮ್ಮ ಬಂದಳು. ಓಣಿಯ ತಿರುವಿನಿಂದಲೇ ಅವಳ ಹಾಡು ಕೇಳಿಸಿತು. ಅವಳು ಹಾಡಿ ಅಳುವುದರಲ್ಲಿ ಸುತ್ತ ಹತ್ತೂರಿಗೆ ಹೆಸರಾದವಳು. ಕಣ್ಣಲ್ಲಿ ನೀರು ಹರಿಯುತ್ತಿದ್ದರೂ ಅಂಗಳದಲ್ಲಿ ಏನೇನು ಎಲ್ಲೆಲ್ಲಿದೆ ಎಂಬುದು ಅವಳಿಗೆ ಕಾಣುತ್ತಿತ್ತು.

"ಬಂಪರ ಮ್ಯಾಲ ಸೀರಿ ಒಣಾ ಹಾಕಿದೆಲ್ಲೇ ಯವ್ವಾ... ಚಕ್ರದಾಗ ಕೋಳಿ ಕಟ್ಟಿದೆಲ್ಲೇ... ಕಾರು ಬಿಚ್ಚಿ ಮನಿ ಸಿಂಗಾರ ಮಾಡಿದೆಲ್ಲೇ... ನನ್ನ ತಮ್ಮಗ ಒಂದು ಜಾಕ ಬಿಡಲಿಲ್ಲಲ್ಲೇ..."

ಹಾಡು ಯಾರ ಕಡೆ ತಿರುಗಿತೋ ಹೆಂಗಸರ ಕಣ್ಣೂ ಅತ್ತ ತಿರುಗಿದವು. ಆದೆಮ್ಮ ಗಂಡನ ಕಾಲ ಬಳಿ ಕೂತಿದ್ದಳು. ಅವಳ ಪಕ್ಕದಲ್ಲಿದ್ದ ಇಬ್ಬರು, ಸೆರಗು ಸರಿಪಡಿಸಿಕೊಳ್ಳುವ ನೆಪದಲ್ಲಿ, ಒಂದು ಗೇಣು ಹಿಂದೆ ಸರಿದರು.

ಅಯ್ಯಮ್ಮ ಹಾಡು ನಿಲ್ಲಿಸಿ ಬರಿಯ ಮಾತಿಗೆ ಇಳಿದಳು. ಅದು ಹಾಡಿಗಿಂತ ಕೆಟ್ಟದಾಗಿತ್ತು.

"ಜಾಕ್ ಎಲ್ಲಿ ಇಟ್ಟೀ ಹೇಳು."

"ನಾ ನೋಡಿಲ್ಲ ಯಕ್ಕಾ. ಕಾರಿನ್ಯಾಗ ಐತಿ ಅಂತ ತಿಳಕೊಂಡಿದ್ದೆ."

"ಸೀಟು ನೋಡಿದಿ, ಗಾಜು ನೋಡಿದಿ, ಜಾಕ್ ಒಂದು ನೋಡಲಿಲ್ಲೇನು? ಗುಜರಿಗೆ ಹಾಕಿ ಬಳಿ ಇಟಗೊಂಡಿಯೇನು?"

"ಇಲ್ಲ ಯಕ್ಕಾ."

ಇಬ್ಬರು ಒಳಗೆ ಹೋಗಿ ಹುಡುಕಿದರು. ಹೊರಸಿನ ಕೆಳಗೆ ನೋಡಿದರು, ಅಟ್ಟ ನೋಡಿದರು, ಜೋಳದ ಹಗೇವಿಗೂ ಇಣುಕಿದರು. ಒಲೆಯ ಹಿಂದಿನ ಬೂದಿಯನ್ನು ಕೆದಕುವುದು ಹೊರಗೆ ಕೇಳಿಸುತ್ತಿತ್ತು. ಹುಸೇನಪ್ಪ ನಿಂತಲ್ಲೇ ನಿಂತಿದ್ದ. ಈಗ ಹೇಳಬೇಕು ಎಂದುಕೊಂಡ. ಅವರು ಹೊರಬರಲಿ ಎಂದುಕೊಂಡ. ಅವರು ಹೊರಬಂದು ಕೈ ಝಾಡಿಸಿದರು. ಅವನು ಹೇಳಲಿಲ್ಲ.

ಹೊತ್ತಾಗುತ್ತಿತ್ತು. ಎತ್ತುವ ಮುಂಚೆ ಬಾಯಿಗೆ ನೀರು ಬಿಡಬೇಕು. ಮೊದಲ ನೀರು ಹೆಂಡತಿಯದು. ಆದೆಮ್ಮ ತಂಬಿಗೆ ಹಿಡಿದು ಎದ್ದಳು. ಅಯ್ಯಮ್ಮ ಅಡ್ಡ ಬಂದಳು.

"ಜಾಕ್ ಸಿಗೂತನಕ ಈಕಿ ನನ್ನ ತಮ್ಮನ ಬಾಯಿಗೆ ನೀರು ಬಿಡಬಾರದು. ದೈವದವರು ಹೇಳ್ರಿ, ಕೊಂದಾಕಿ ಕೈಲೆ ನೀರು ಕುಡಿಸ್ತೀರೇನು?"

ದೈವದವರು, ಎಂದರೆ ಕಟ್ಟೆಯ ಮೇಲೆ ಕೂತ ನಾಲ್ಕೈದು ಮುದುಕರು, ನೆಲ ನೋಡಿದರು. ಒಬ್ಬ ಮಾತ್ರ ಮೆಲ್ಲಗೆ, "ಹಂಗಾದ್ರ ಅಯ್ಯಮ್ಮನ ನೀರು ಬಿಡಲಿ," ಎಂದ.

ಆದೆಮ್ಮ ತಂಬಿಗೆಯನ್ನು ಎದೆಗೆ ಎಳೆದುಕೊಂಡಳು, ಅರ್ಧ ನೀರು ಅವಳ ಕಾಲಿನ ಮೇಲೆ ಚೆಲ್ಲಿತು.

*

ಮೊನ್ನೆ ಸಂಜೆ ಶೆಡ್ಡಿನ ಮುಂದೆ ಬಸ್ಸಿಗೆ ಕಾಯುವ ಪರ ಊರಿನವರು ಐದಾರು ಜನ ಕೂತಿದ್ದರು. ಹುಸೇನಪ್ಪನ ಕೆಲಸ ಮುಗಿಯುವ ಹೊತ್ತಿಗೆ ಅಲ್ಲಿ ಜನ ಸೇರುವುದು ದಿನದ ರೂಢಿ. ಅವನು ಕಂಡಕ್ಟರನ ದನಿ ತೆಗೆಯುತ್ತಿದ್ದ, ಪೋಸ್ಟ್ ಮಾಸ್ತರರ ಕೆಮ್ಮು ಕೆಮ್ಮುತ್ತಿದ್ದ, "ಏಮಿ ಹುಸೇನಪ್ಪಾ, ನನ್ ಜೀಪು ರೇಪು ಅಂತಿ, ರೇಪು ಯಾವಾಗ ಬರ್ತದಿ?" ಎಂದು, ನಾಳೆ ಅನ್ನಲು ತೆಲುಗಿನ 'ರೇಪು' ಸೇರಿಸುವ ರಾಜುಗಾರ ಬೆರಕೆ ಕನ್ನಡ ಆಡುತ್ತಿದ್ದ. ಆಗ ದ್ಯಾವಪ್ಪ ಬಂದ.

ಗುರ್. ಗುರ್.

"ಹುಸೇನಾ, ಜಾಕ್ ಕೊಡೋ. ಸೈಲೆನ್ಸರ್ ಸಡಲ ಆಗೇತಿ. ಕಲ್ಲಿನ ಮ್ಯಾಲ ಎತ್ತೂದು ಯಾಕೋ ಮನಸಿಗೆ ಬರವಲ್ದೋ."

ಜಾಕಿನ ಮೇಲೆ ರಾಜುಗಾರ ಜೀಪಿತ್ತು. ಅದನ್ನು ಇಳಿಸಿ ಕೊಡುವುದು ಐದು ನಿಮಿಷದ ಕೆಲಸ. ಆದರೆ ಎದುರಿಗೆ ನಗಲು ಕಾದ ಐದಾರು ಬಾಯಿಗಳಿದ್ದವು. ಹುಸೇನಪ್ಪ ಗಂಟಲನ್ನು ಎರಡು ಸಲ ಗುರ್ ಗುರ್ ಅನ್ನಿಸಿದ. ಮೂಗು ಹಿಂಡಿದ.

"ಹುಸೇನಾ, ಜಾಕ್ ಕೊಡೋ. ಕಲ್ಲಿನ ಮ್ಯಾಲ ಎತ್ತೂದು ಯಾಕೋ ಮನಸಿಗೆ ಬರವಲ್ದೋ."

ಎಲ್ಲರೂ ಬಿದ್ದು ಬಿದ್ದು ನಕ್ಕರು. ದ್ಯಾವಪ್ಪನೂ ನಕ್ಕ.

"ಒಂದು ಜಾಕ್ ಹೊತ್ರ ಸುಣ್ಣದ ಕಲ್ಲು ಹಿಂದ ಬರತೈತಿ ನೋಡಪಾ," ಎಂದ ಹುಸೇನಪ್ಪ.

ದ್ಯಾವಪ್ಪ ಒಂದು ಗಳಿಗೆ ಯೋಚಿಸಿದ. "ಅದೂ ಖರೇನ ಬಿಡು," ಎಂದು ಹೋದ.

*

ಗುರ್. ಗುರ್.

ಅಂಗಳದಲ್ಲಿದ್ದವರೆಲ್ಲ ತಿರುಗಿ ನೋಡಿದರು. ಹುಸೇನಪ್ಪನನ್ನಲ್ಲ, ಹೆಣವನ್ನು. ಕಟ್ಟೆಯ ಮೇಲಿನ ಮುದುಕನೊಬ್ಬ ಎದ್ದೇ ನಿಂತ.

"ಹುಸೇನಾ, ಜಾಕ್ ಕೊಡೋ," ಎಂದಿತು ಆ ತೆಳ್ಳನೆಯ, ಮೂಗಿನಲ್ಲಿ ಸೋಸಿದ ದನಿ. "ಕಲ್ಲಿನ ಮ್ಯಾಲ ಎತ್ತೂದು ಯಾಕೋ ಮನಸಿಗೆ ಬರವಲ್ದೋ."

ತನ್ನ ದನಿಯಲ್ಲಿ ಹೇಳಬೇಕೆಂದೇ ಹುಸೇನಪ್ಪ ಬಾಯಿ ತೆರೆದಿದ್ದ. ಬಂದದ್ದು ಇದು. ಯಾರೂ ನಗಲಿಲ್ಲ.

ಅಯ್ಯಮ್ಮನ ಎತ್ತಿದ ಕೈ ಎತ್ತಿದ ಹಾಗೇ ಇತ್ತು. ಆದೆಮ್ಮ ಮೆಲ್ಲಗೆ ಹುಸೇನಪ್ಪನ ಕಡೆ ತಿರುಗಿದಳು.

"ಹಂಗ ಕೇಳಿದನಾ?"

"ಹ್ಞೂಂ. ಮೊನ್ನೆ ಸಂಜೀಗೆ." ಈಗ ಅವನದೇ ದನಿ, ಅವನಿಗೇ ಗುರುತು ಸಿಗದಷ್ಟು ಸಣ್ಣದು. "ಜಾಕ್ ಒಂದು ವರ್ಷದಿಂದ ನನ್ನ ಕಡೇನ ಐತಿ. ಆದೆಮ್ಮಗ ಗೊತ್ತಿಲ್ಲ."

"ನೀ ಏನಂದಿ?"

"ಹಿಂಗ ಅಂದೆ. ಅವನ ಮುಂದ ಅವನ ದನಿ ಮಾಡಿ ತೋರಸ್ದೆ."

"ಅವ?"

"ನಕ್ಕ."

ಆದೆಮ್ಮ ಅಯ್ಯಮ್ಮನ ಪಕ್ಕದಿಂದ ಹಾದು ಹೋದಳು. ಅಯ್ಯಮ್ಮ ತಡೆಯಲಿಲ್ಲ. ತಂಬಿಗೆಯಲ್ಲಿ ಉಳಿದಿದ್ದಷ್ಟು ನೀರನ್ನು ಆದೆಮ್ಮ ಗಂಡನ ತುಟಿಗೆ ಬಿಟ್ಟಳು. ಅದು ಒಳಗೆ ಹೋಗದೆ, ಮೀಸೆಯಿಲ್ಲದ ಬಾಯಿಯ ಅಂಚಿನಿಂದ ಇಳಿದು ಧೋತರಕ್ಕೆ ಹತ್ತಿತು. ಹಿಂದೆ ತಿರುಗದೆಯೇ ಹೇಳಿದಳು:

"ಹೋಗು. ಅದನ್ನ ತಗೊಂಡು ಬಾ."

ಹುಸೇನಪ್ಪ ಶೆಡ್ಡಿಗೆ ಹೋದ. ಜಾಕಿನ ಹಿಡಿ ತಿರುಗಿಸಿದ. ರಾಜುಗಾರ ಜೀಪು ಇಂಚು ಇಂಚಾಗಿ ಇಳಿದು, ಚಕ್ರವಿಲ್ಲದ ಮೂಲೆಯಿಂದ ನೆಲಕ್ಕೆ ಮೊಣಕಾಲೂರಿತು. ಜಾಕನ್ನು ಎತ್ತಿಕೊಂಡು ಬಜಾರದ ನಡುವೆಯೇ ನಡೆದ. ಪಾನ್ ಅಂಗಡಿಯವನು, "ಯಾರ ಗಾಡಿ ನಿಂತೈತೋ?" ಎಂದು ಕೂಗಿ ಕೇಳಿದ. ಹುಸೇನಪ್ಪ ನಡೆಯುತ್ತಲೇ ಇದ್ದ.

ಅವನು ಬರುವಾಗ ಎತ್ತುವ ಸಿದ್ಧತೆ ನಡೆದಿತ್ತು. ಜಾಕನ್ನು ಬಾಗಿಲ ಬಳಿ ಇಟ್ಟು, ತನ್ನ ರುಮಾಲನ್ನು ಹೆಗಲ ಮೇಲೆ ಮಡಿಸಿ ಹಾಕಿಕೊಂಡು ಮುಂದೆ ಹೋದ. ಮಾಳಿಂಗಪ್ಪ ಅವನ ಎದೆಗೆ ಅಡ್ಡ ಕೈ ಇಟ್ಟ. ಒತ್ತಲಿಲ್ಲ, ಇಟ್ಟ ಅಷ್ಟೇ.

"ಬ್ಯಾಡ. ನಾಲ್ಕು ಮಂದಿ ಆಗ್ಯಾರ."

ದ್ಯಾವಪ್ಪನನ್ನು ಎತ್ತಿದರು. ಗಂಡಸರು ಬಾರಿಸುವ ಹಲಗೆಯ ಸದ್ದಿನ ಹಿಂದೆ ಹೋದರು, ಹೆಂಗಸರು ಓಣಿಯ ತಿರುವಿನವರೆಗೆ. ಅಯ್ಯಮ್ಮನ ಹಾಡು ಮತ್ತೆ ಹತ್ತಿ, ದೂರವಾಗಿ, ಹಲಗೆಯ ಸದ್ದಿನೊಳಗೆ ಮುಳುಗಿತು. ಅಂಗಳದಲ್ಲಿ ಕೋಳಿ ಉಳಿಯಿತು. ಆದೆಮ್ಮ ಉಳಿದಳು. ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಹುಸೇನಪ್ಪ ಉಳಿದ.

ಗೋಡೆಯ ಬಳಿ ಸೀಟಿನ ಸ್ಪ್ರಿಂಗುಗಳು ಒಂದೊಂದಾಗಿ ಕಿರ್ರ್ ಎನ್ನುತ್ತ ಮೇಲೇಳುತ್ತಿದ್ದವು.

ಆದೆಮ್ಮ ಬಾಗಿಲಿಗೆ ಬಂದಳು. ಎರಡು ಕೊಡ ನೀರು ಹೊರುವ ಹೆಣ್ಣು ಸಜ್ಜಾಗುವ ಹಾಗೆ ಕಾಲು ಅಗಲಿಸಿ, ಸೆರಗು ಸಿಕ್ಕಿಸಿ, ಉಸಿರು ಹಿಡಿದು, ಜಾಕಿನ ಕಡೆ ಬಗ್ಗಿದಳು. ಎತ್ತಿದಳು. ಅದು ಅವಳು ಎಣಿಸಿದ್ದಕ್ಕಿಂತ ಬೇಗ ಮೇಲೆ ಬಂದು, ಅವಳು ಒಂದು ಹೆಜ್ಜೆ ಹಿಂದಕ್ಕೆ ತಪ್ಪಿದಳು. ಸಾವರಿಸಿಕೊಂಡು, ಅದನ್ನು ಒಂದೇ ಕೈಗೆ ಬದಲಿಸಿ, ಮೇಲೆ ಕೆಳಗೆ ಎರಡು ಸಲ ತೂಗಿ ನೋಡಿದಳು.

"ಇಷ್ಟೇನಾ?"

ಹುಸೇನಪ್ಪ ಬಾಯಿ ತೆರೆದ. ಯಾವ ದನಿಯೂ ಬರಲಿಲ್ಲ.

ಆದೆಮ್ಮ ಜಾಕನ್ನು ಒಯ್ದು, ದ್ಯಾವಪ್ಪ ಕೂತಿದ್ದ ಜಾಗದಲ್ಲೇ, ಸೀಟಿನ ನಟ್ಟನಡುವೆ ಇಟ್ಟಳು. ಸ್ಪ್ರಿಂಗುಗಳು ಕುಸಿಯಲಿಲ್ಲ, ಕಿರ್ರೆನ್ನಲೂ ಇಲ್ಲ.