ನಾಲ್ಕುನೂರಾ ಹದಿನೇಳನೆಯ ದೂರು

ನನಗೆ ಕೋಡ್ ಬರೆಯಲು ಬರುವುದಿಲ್ಲ. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಮೇಲೆ ಎಲ್ಲರೂ ಇದನ್ನೇ ಮುಂದೆ ಮಾಡಿ ನನ್ನನ್ನು ಉಳಿಸಿದರು. ನಾನೂ ಸುಮ್ಮನೆ ಉಳಿದುಕೊಂಡೆ.

ಗೋಕಾಕದಲ್ಲಿ ಒಂದು ಗೊಬ್ಬರದಂಗಡಿಯ ಮೇಲಿನ ಎರಡು ಕೋಣೆಗಳೇ ನಮ್ಮ ಕಂಪನಿ. ರೈತರ ಪಂಪ್‌ಸೆಟ್ಟಿಗೆ ಮೊಬೈಲ್ ಸ್ಟಾರ್ಟರ್ ಮಾಡುತ್ತೇವೆ. ಅದೊಂದು ಡಬ್ಬಿ, ಒಳಗೊಂದು ಸಿಮ್. ಮನೆಯಲ್ಲಿ ಕುಳಿತು ಫೋನ್ ಒತ್ತಿದರೆ ಹೊಲದ ಮೋಟರ್ ಚಾಲೂ ಆಗುತ್ತದೆ. ಕರೆಂಟ್ ಹೋಗಿ ಬಂದರೆ ಯಾರೂ ಒತ್ತದಿದ್ದರೂ ತಾನೇ ಚಾಲೂ ಆಗುತ್ತದೆ. ಮಾಲೀಕ ಗುರುಪಾದ. ಕೋಡ್ ಬರೆಯುವವನು ಕಿಶೋರ, ಹುಕ್ಕೇರಿಯ ಮನೆಯಿಂದಲೇ ಅವನ ಕೆಲಸ. ನಾನು ಸುಜಾತಾ, ಬಿ.ಕಾಂ. ಓದಿದವಳು; ಫೋನ್ ಎತ್ತುವುದು, ಬೈಸಿಕೊಳ್ಳುವುದು ನನ್ನ ಕೆಲಸ.

ರೈತರು, ಮೆಕ್ಯಾನಿಕ್‌ಗಳು ಎಲ್ಲ ಸೇರಿ ಮುನ್ನೂರು ಜನರ ಒಂದು ಮೆಸೇಜ್ ಗ್ರೂಪ್ ಇತ್ತು. ದೂರುಗಳು ಬರುತ್ತಿದ್ದದ್ದು ಅಲ್ಲಿ. ಕಿಶೋರ ಮಾತ್ರ ಆ ಗ್ರೂಪನ್ನು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಅವನ ಲೋಕವೆಲ್ಲ ರೆಪೊದಲ್ಲಿ. ರೆಪೊ ಎಂದರೆ ಇಂಟರ್ನೆಟ್ಟಿನಲ್ಲಿ ಅವನು ಕೋಡ್ ಇಡುವ ಜಾಗ. ದೂರುಗಳ ಪಟ್ಟಿಯೂ ಅಲ್ಲೇ ಇರುತ್ತದೆ. ಆ ಪಟ್ಟಿಯಲ್ಲಿಲ್ಲದ ದೂರು ಅವನ ಪಾಲಿಗೆ ಹುಟ್ಟೇ ಇರಲಿಲ್ಲ. ಹಾಗಾಗಿ ಮೂರು ತಿಂಗಳು ಇಲ್ಲಿಯದನ್ನು ಅಲ್ಲಿಗೆ ನಕಲು ಮಾಡುವುದರಲ್ಲೇ ನನ್ನ ಜೀವ ಸಾಕಾಗಿ ಹೋಗಿತ್ತು.

ಕೋಡ್ ಬರೆಯದೆಯೇ ಎರಡನ್ನೂ ಜೋಡಿಸಬಹುದು ಎಂದು ಗೊತ್ತಾದದ್ದು ಒಂದು ವಿಡಿಯೊ ನೋಡಿದಾಗ. ಪರದೆಯ ಮೇಲೆ ಚೌಕಗಳಿರುತ್ತವೆ, ಬೆರಳಿನಿಂದ ಎಳೆದು ಗೆರೆ ಹಾಕಿದರೆ ಆಯಿತು. ಗ್ರೂಪಿನಲ್ಲಿ ‘ಮೋಟರ್’ ಎಂಬ ಪದವಿರುವ ಮೆಸೇಜ್ ಬಂದರೆ ಕಳಿಸಿದವರ ನಂಬರ್ ನೋಡಿ ರೆಪೊದಲ್ಲಿ ದೂರು ತೆರೆ ಎನ್ನುವುದು ಮೊದಲ ಗೆರೆ. ಕೆಲಸವಾದ ಮೇಲೆ ದೂರು ಮುಚ್ಚು ಎನ್ನುವುದು ಎರಡನೆಯದು. ಕೆಲಸವಾಯಿತೆಂದು ಯಂತ್ರಕ್ಕೆ ಗೊತ್ತಾಗುವುದು ಹೇಗೆ? ನಮ್ಮ ರೈತರು ‘ಆಯಿತು’ ಎಂದು ಬರೆಯುವವರಲ್ಲ. ಮೋಟರ್ ಸರಿಯಾದರೆ ತಮ್ಮ ದೂರಿನ ಮೇಲೆ ಕೈ ಮುಗಿದ ಚಿತ್ರ ಒತ್ತುತ್ತಾರೆ, ಅಷ್ಟೇ. ನಾನು ಅದನ್ನೇ ಗುರುತು ಮಾಡಿದೆ. ಯಾರು ಕೈ ಮುಗಿಯಬೇಕು ಎಂದು ಕೇಳುವ ಒಂದು ಚೌಕವೂ ಇತ್ತು. ಅಪ್ಪನ ಫೋನಿನಿಂದ ದೂರು ಬಂದರೆ ನಮಸ್ಕಾರ ಮಗನ ಫೋನಿನಿಂದ ಬರುತ್ತಿತ್ತು. ಅದಕ್ಕೇ ‘ಯಾರಾದರೂ’ ಎಂದು ಬಿಟ್ಟೆ.

ಗುರುಪಾದ ಕರದಂಟು ತರಿಸಿ ಹಂಚಿದ. ಕಿಶೋರ ಇದಕ್ಕೆ ತನ್ನದೊಂದು ಕೊಂಡಿ ಸೇರಿಸಿದ. ದೂರು ತೆರೆದಿರುವಷ್ಟು ಹೊತ್ತು ಆ ಹೊಲದ ಸ್ಟಾರ್ಟರಿಗೆ ಬೀಗ. ಕರೆಂಟ್ ಬಂದರೂ ಮೋಟರ್ ಅಲುಗಾಡುವಂತಿಲ್ಲ. ದೂರು ಮುಚ್ಚಿದ ಕ್ಷಣ ಬೀಗ ತೆರೆಯುತ್ತದೆ. ಎರಡೂ ಸಲ ಗ್ರೂಪಿಗೆ ಮೆಸೇಜ್ ಹೋಗುತ್ತದೆ.

ಬಾವಿಗೆ ಇಳಿಯುವ ಮೆಕ್ಯಾನಿಕ್ ಮೊದಲು ಕಂಬದ ಬಳಿ ಹೋಗಿ ಫ್ಯೂಜ್ ಕಿತ್ತು ಜೇಬಿಗೆ ಹಾಕಿಕೊಳ್ಳಬೇಕು. ಅದು ಹಳೆಯ ಪದ್ಧತಿ. ಆದರೆ ಕಂಬ ಇರುವುದು ಎರಡು ಕಬ್ಬಿನ ಹೊಲ ದಾಟಿ. ನಮ್ಮ ಮೆಕ್ಯಾನಿಕ್ ಯಲ್ಲಾರಿ ಒಂದು ದಿನ ಆಫೀಸಿಗೆ ಬಂದಾಗ ನನ್ನೆದುರೇ ಹೇಳಿದ್ದ.

“ಅಕ್ಕಾರ, ನಿಮ್ಮ ಬೀಗ ಬಂದ ಮ್ಯಾಲ ಕಬ್ಬಿನಾಗ ಅಡ್ಡಾಡೂದು ತಪ್ಪೇತಿ ನೋಡ್ರಿ. ಮೆಸೇಜ್ ನೋಡತೇನಿ, ಇಳಿತೇನಿ.”

ಯಲ್ಲಾರಿ ಮೂಡಲಗಿಯವನು, ನಲವತ್ತರ ಆಸುಪಾಸು. ಯಾರನ್ನೂ ಸುಮ್ಮನೆ ಹೊಗಳುವ ಪೈಕಿಯಲ್ಲ. ಅಂಥವನ ಬಾಯಿಂದ ಈ ಮಾತು ಬಂದದ್ದೇ ನನಗೆ ದೊಡ್ಡದಾಯಿತು. ಹಾಗೆ ಮಾಡಬೇಡ, ಫ್ಯೂಜ್ ಕಿತ್ತೇ ಇಳಿ ಎನ್ನಬೇಕಿತ್ತು. ನಾನು ನಕ್ಕು ಅವನಿಗೆ ಚಹಾ ಹೇಳಿದೆ. ಆ ನಗುವಿನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಫೆಬ್ರವರಿಯ ಒಂದು ಗುರುವಾರ ತುಕ್ಕಾನಟ್ಟಿಯ ಅಪ್ಪಣ್ಣ ಕಾಕಾ ದೂರು ಕಳಿಸಿದರು. ಕಾಕಾ ನಮ್ಮ ಗ್ರೂಪಿಗೇ ಹಿರಿಯರು. ದಿನಾ ಬೆಳಿಗ್ಗೆ ಬಸವಣ್ಣನ ಚಿತ್ರ ಹಾಕಿ ‘ಶರಣು ಶರಣಾರ್ಥಿ’ ಎನ್ನುವವರು. ಅವತ್ತು ಅದರ ಬೆನ್ನಿಗೇ, ಏಳು ಹತ್ತಕ್ಕೆ, ‘ಬಾಂವ್ಯಾಗಿನ ಮೋಟರ್ ಕೇಬಲ್ ಕೆಟ್ಟೈತಿ, ಯಲ್ಲಾರಿ ಬಂದಾನ’ ಎಂದು ಬರೆದಿದ್ದರು. ಯಂತ್ರ ಅದಕ್ಕೆ ೪೧೭ ಎಂಬ ಸಂಖ್ಯೆ ಕೊಟ್ಟು ಬೀಗ ಹಾಕಿತು. ಯಲ್ಲಾರಿ ಮೆಸೇಜ್ ನೋಡಿದ. ಅಂಗಿ ಬಿಚ್ಚಿ, ಫೋನನ್ನು ಅದರ ಜೇಬಿನಲ್ಲೇ ಬಿಟ್ಟು, ಬಾವಿಯ ಕಟ್ಟೆಯ ಮೇಲಿಟ್ಟು ಇಳಿದ. ಕಾಕಾ ಅವನಿಗೆ ಚಹಾ ತರಲು ಮನೆಗೆ ಹೋದರು.

ಏಳು ನಲವತ್ತೊಂದಕ್ಕೆ ಬೀಗ ತೆರೆಯಿತು. ಕಟ್ಟೆಯ ಮೇಲಿನ ಅಂಗಿಯಲ್ಲಿ ಫೋನ್ ಸದ್ದು ಮಾಡಿರಬೇಕು. ಎಂಟಕ್ಕೆ ಸರಿಯಾಗಿ ತ್ರೀ ಫೇಸ್ ಕರೆಂಟ್ ಬಂತು, ಬೀಗವಿಲ್ಲದ ಸ್ಟಾರ್ಟರ್ ತಾನೇ ಚಾಲೂ ಆಯಿತು. ಅವನ ಕೈಯಲ್ಲಿದ್ದದ್ದು ಸುಲಿದ ಕೇಬಲ್ಲು. ಕಾಕಾ ಚಹಾದ ಕಿಟ್ಲಿ ಹಿಡಿದು ಬಂದಾಗ ಬಾವಿಯಲ್ಲಿ ಮಾತಿರಲಿಲ್ಲ.

ನನಗೆ ಸುದ್ದಿ ತಿಳಿದದ್ದು ಆಫೀಸಿನಲ್ಲಿ, ಹತ್ತು ಗಂಟೆಗೆ, ಗ್ರೂಪಿನಿಂದಲೇ. ‘ಮೋಟರ್ ಕರೆಂಟ್ ಹೊಡದು ಯಲ್ಲಾರಿ ತೀರ್ಕೊಂಡ’ ಎಂದು ಕಾಕಾ ಹಾಕಿದ್ದರು. ನಾನು ಅದನ್ನು ಓದಿ ಮುಗಿಸುವ ಮೊದಲೇ ಅದರ ಕೆಳಗೆ ನನ್ನ ಯಂತ್ರ ಮಾತಾಡಿತು: ದೂರು ೪೧೮ ದಾಖಲಾಗಿದೆ. ಒಬ್ಬರು ಕೈ ಮುಗಿದರು, ಇನ್ನೊಬ್ಬರು ಮುಗಿದರು, ಹತ್ತು ಜನರಾದರು. ಯಂತ್ರ ಮತ್ತೆ ಮಾತಾಡಿತು: ದೂರು ೪೧೮ ಬಗೆಹರಿದಿದೆ, ಬೀಗ ತೆರೆಯಲಾಗಿದೆ, ಧನ್ಯವಾದಗಳು.

ರೆಪೊ ತೆರೆದು ೪೧೭ ನೋಡಿದೆ. ಮುಚ್ಚಿದ ಸಮಯ ಏಳು ನಲವತ್ತೊಂದು. ಕೈ ಮುಗಿದವರು ಸುಜಾತಾ.

ಆಗ ನೆನಪಾಯಿತು. ಬೆಳಿಗ್ಗೆ ಒಲೆಯ ಮೇಲೆ ಹಾಲಿಟ್ಟು ಫೋನ್ ತೆಗೆದಿದ್ದೆ. ಕಾಕಾನ ಹೆಸರಿನಲ್ಲಿ ಒಂದರ ಕೆಳಗೊಂದು ಎರಡು ಮೆಸೇಜು ಇದ್ದವು. ಹಿರಿಯರ ಮೆಸೇಜಿಗೆ ಕೈ ಮುಗಿಯದೆ ಮುಂದೆ ಹೋಗುವುದು ನಮ್ಮಲ್ಲಿ ಹೊಸ್ತಿಲಲ್ಲಿ ಎದುರಾದವರನ್ನು ನೋಡಿಯೂ ನೋಡದಂತೆ ದಾಟಿದ ಹಾಗೆ. ಎರಡಕ್ಕೂ ಮುಗಿದಿದ್ದೆ. ಎರಡನೆಯದನ್ನು ಓದಿರಲಿಲ್ಲ. ಹಾಲು ಉಕ್ಕುತ್ತಿತ್ತು.

ಗುರುಪಾದನನ್ನು ಕರೆದು ತೋರಿಸಿದೆ. ಅವನು ಬಾಗಿಲು ಹಾಕಿದ, ಕಿಶೋರನಿಗೆ ಫೋನ್ ಹಚ್ಚಿದ. ತನ್ನ ಕೋಡಿನಲ್ಲಿ ತಪ್ಪಿಲ್ಲ, ದೂರು ಮುಚ್ಚಿದ್ದಕ್ಕೆ ಅದು ಬೀಗ ತೆರೆದಿದೆ ಅಷ್ಟೇ ಎಂದು ಕಿಶೋರ ಮೂರು ಸಲ ಹೇಳಿದ. ಸುಜಾತಾಗೆ ಕೋಡೇ ಬರುವುದಿಲ್ಲ, ಅವಳ ತಪ್ಪು ಹೇಗಾದೀತು ಎಂದೂ ಹೇಳಿದ. ಅದನ್ನು ಅವನು ಪ್ರೀತಿಯಿಂದಲೇ ಹೇಳಿದ್ದು. ಗುರುಪಾದ ಫೋನ್ ಇಟ್ಟ.

“ಫ್ಯೂಜ್ ತಗದಿರಲಿಲ್ಲ ಅಂವ. ಅದೂ ಖರೇನ ಐತೆಲ್ಲ?” ಎಂದ. “ಯಾರರ ಕೇಳಿದ್ರ ಅಷ್ಟ ಹೇಳೂದು. ಗೆರಿ ಎಲ್ಲಾ ಅಳಿಸಿಬಿಡವಾ.”

ಅಳಿಸಲು ಕೋಡ್ ಬೇಕಿರಲಿಲ್ಲ. ಖಂಡಿತವಾಗಿ ಅಳಿಸಬೇಕೇ ಎಂದು ಪರದೆ ಕೇಳಿತು, ಹೌದು ಎಂದು ಒತ್ತಿದೆ. ೪೧೭, ೪೧೮ ಎರಡನ್ನೂ ರೆಪೊದಿಂದ ಕಿಶೋರ ತೆಗೆದ; ಗ್ರೂಪಿನಲ್ಲಿದ್ದ ಯಂತ್ರದ ಮೆಸೇಜುಗಳನ್ನೂ ನನ್ನ ನಮಸ್ಕಾರವನ್ನೂ ನಾನು ತೆಗೆದೆ. ಸಂಜೆಯ ಹೊತ್ತಿಗೆ ಮೇಲವಂಕಿಯವರೆಗೂ ಒಂದೇ ಮಾತು ಹಬ್ಬಿತ್ತು: ಇಪ್ಪತ್ತು ವರ್ಷ ಅನುಭವದ ಮೆಕ್ಯಾನಿಕ್, ಫ್ಯೂಜ್ ಕೀಳದೆ ಇಳಿದು ತನ್ನ ಜೀವ ತಾನೇ ತೆಗೆದುಕೊಂಡ. ಕುಡಿದಿದ್ದ ಎಂದವರೂ ಇದ್ದರು. ಅವನು ಕುಡಿಯುತ್ತಲೇ ಇರಲಿಲ್ಲ.

ನಾಲ್ಕನೆಯ ದಿನ ಗುರುಪಾದನಿಗೆ ಹೇಳದೆ ಮೂಡಲಗಿಯ ಬಸ್ ಹತ್ತಿದೆ. ಯಲ್ಲಾರಿಯ ಹೆಂಡತಿ ಸತ್ತೆವ್ವನಿಗೆ ಎಲ್ಲವನ್ನೂ ಹೇಳಿಯೇ ಬರಬೇಕೆಂದು ಗಟ್ಟಿ ಮಾಡಿಕೊಂಡಿದ್ದೆ. ಅವನು ನಿಷ್ಕಾಳಜಿಯಿಂದ ಇಳಿಯಲಿಲ್ಲ, ಬೀಗ ಬಿದ್ದಿದೆ ಎಂದು ನಾವು ಹೇಳಿದ್ದನ್ನು ನಂಬಿ ಇಳಿದ, ಆ ಬೀಗ ತೆರೆದದ್ದು ನನ್ನ ಕೈ. ಮೂರೇ ಮಾತು. ದಾರಿಯುದ್ದಕ್ಕೂ ಅವನ್ನೇ ತಿರುತಿರುಗಿ ಹೇಳಿಕೊಂಡೆ.

ಮನೆಯಲ್ಲಿ ಬುದ್ಧನ ಚಿತ್ರದ ಕೆಳಗೆ ಯಲ್ಲಾರಿಯ ಫೋಟೊ ಇಟ್ಟಿದ್ದರು. ಸತ್ತೆವ್ವ ಚಾಪೆ ಹಾಸಿ, ನೀರು ಕೊಟ್ಟು, ಎದುರು ಕುಳಿತಳು. ಎಂಟನೆಯ ತರಗತಿಯ ಮಗಳು ಸುಮನ ಒಳಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಸತ್ತೆವ್ವ ಕೇಳಿದಳು.

“ಅಕ್ಕಾರ, ನೀವು ಆಫೀಸಿನವರು, ನಿಮಗ ಗೊತ್ತಿರತೈತಿ. ಅವರು ಫ್ಯೂಜ್ ತಗೀಲಾರದ ಇಳದ್ರು ಅಂತಾರ ಮಂದಿ. ಈಕಿ ಸಾಲಿಗೆ ಹೋಗಾಕ ಒಲ್ಲೆ ಅನ್ನಾಕತ್ತಾಳ. ನಿಮ್ಮಪ್ಪ ತನ್ನ ಕೈಯಾರೆ ಸತ್ತ ಅಂತ ಹುಡುಗೂರು ಅಂತಾವಂತ. ಅವರು ಅಂಥ ಮನಶ್ಯಾ ಅಲ್ರಿ. ಖರೆ ಏನ್ರಿ ಅದು?”

ಮೂರು ಮಾತೂ ಗಂಟಲಿನವರೆಗೆ ಬಂದವು. ಆಮೇಲೆ ಪೊಲೀಸರು ಕಣ್ಣ ಮುಂದೆ ಬಂದರು. ಅಪ್ಪಣ್ಣ ಕಾಕಾ ಬಂದರು, ಅವರ ನಂತರ ನನ್ನ ಅವ್ವ. ಎಲ್ಲರೂ ಸೇರಿ ನನ್ನನ್ನು ಎಷ್ಟು ಚೆನ್ನಾಗಿ ಉಳಿಸಿದ್ದರು ಎಂಬುದೂ ನೆನಪಾಯಿತು. ನಾನು ನೆಲ ನೋಡಿದೆ.

“ಫ್ಯೂಜ್ ತಗದಿರಲಿಲ್ರಿ,” ಎಂದೆ.

ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಅಷ್ಟು ದೊಡ್ಡ ಸುಳ್ಳನ್ನು ನಾನು ಜನ್ಮದಲ್ಲಿ ಹೇಳಿಲ್ಲ.

ಸುಮನ ಚೌಕಟ್ಟು ಬಿಟ್ಟು ಒಳಗೆ ಹೋದಳು. ನಾನು ಹೊರಡಲು ಎದ್ದಾಗ ಸತ್ತೆವ್ವನೂ ಎದ್ದು ಬಾಗಿಲವರೆಗೆ ಬಂದಳು.

“ಕಂಪನಿ ಕಡಿಂದ ನೀವೊಬ್ಬರ ಬಂದ್ರಿ ನೋಡ್ರಿ,” ಎಂದು ನನಗೆ ಎರಡೂ ಕೈ ಮುಗಿದಳು.

ತಿರುಗಿ ನಾನೂ ಮುಗಿದೆ.