ಹದಿನೆಂಟು ಸಾವಿರದ ಸೈಕಲ್ಲು

ಹೆಂಡತಿಗೆ ಹೇಳುವ ಸುಳ್ಳಿಗೂ ಒಂದು ಅಳತೆ ಇರಬೇಕು. ಹತ್ತು ರೂಪಾಯಿಯ ವಸ್ತುವಿಗೆ ಎಂಟು ಕೊಟ್ಟೆ ಎಂದರೆ ಅದು ಸಂಸಾರ. ಸಾನಪಾಡಾದ ಮುಂಡಪ್ಪನವರು ಆ ಅಳತೆಯನ್ನು ಮೀರಿದರು. ಎರಡೂಮುಕ್ಕಾಲು ಲಕ್ಷ ಕೊಟ್ಟು ತಂದ ಸೈಕಲ್ಲನ್ನು ಹಾಲ್‌ನ ಗೋಡೆಗೆ ಒರಗಿಸಿ ನಿಲ್ಲಿಸಿದಾಗ, "ಎಷ್ಟಾಯಿತು?" ಎಂದು ವಿನೋದಾ ಕೇಳಿದರು. ಬಾಯಿಗೆ ಬಂದ ಮೊದಲ ಅಂಕಿಯನ್ನು ಅವರು ಹೇಳಿಬಿಟ್ಟರು.

"ಹದಿನೆಂಟು ಸಾವಿರ."

"ಹದಿನೆಂಟು ಸಾವಿರವಾ?" ವಿನೋದಾ ಎದೆಯ ಮೇಲೆ ಕೈ ಇಟ್ಟುಕೊಂಡರು. "ಅಷ್ಟಕ್ಕೆ ಸೆಕೆಂಡ್‌ಹ್ಯಾಂಡ್ ಸ್ಕೂಟರ್ ಬರ್ತದಲ್ಲ. ಇದಕ್ಕೆ ಒಂದು ಕ್ಯಾರಿಯರ್ ಕೂಡ ಇಲ್ಲ."

ಕ್ಯಾರಿಯರ್ ಇರಲಿಲ್ಲ, ಸ್ಟ್ಯಾಂಡ್ ಇರಲಿಲ್ಲ, ಮಡ್‌ಗಾರ್ಡ್ ಇರಲಿಲ್ಲ. ಏನೇನು ಇಲ್ಲವೋ ಅದಕ್ಕೆಲ್ಲ ಬೇರೆ ಬೇರೆಯಾಗಿ ದುಡ್ಡು ಕೊಟ್ಟದ್ದು ಎಂದು ಬಾಯಿ ಬಿಡುವ ಧೈರ್ಯ ಮುಂಡಪ್ಪನವರಿಗೆ ಆಗಲಿಲ್ಲ.

ಅವರದು ತುರ್ಭೆಯ ಮಾರ್ಕೆಟ್ಟಿನ ಬಳಿ ಒಂದು ಸಸ್ಯಾಹಾರಿ ಹೋಟೆಲು. ಮನೆಯಿಂದ ಕಾರಿನಲ್ಲಿ ಹತ್ತು ನಿಮಿಷದ ದಾರಿ, ಈರುಳ್ಳಿ ಲಾರಿ ಅಡ್ಡ ನಿಂತರೆ ಅರ್ಧ ಗಂಟೆ. ಬೆಳಗಿನಿಂದ ಗಲ್ಲದಲ್ಲಿ, ಅಂದರೆ ದುಡ್ಡಿನ ಪೆಟ್ಟಿಗೆಯ ಮುಂದೆ, ಕೂತು ಕೂತು ಐವತ್ತು ದಾಟುವಷ್ಟರಲ್ಲಿ ಸಕ್ಕರೆ ಕಾಯಿಲೆ ಹಿಡಿಯಿತು. ಡಾಕ್ಟರು "ಸೈಕಲ್ ತುಳಿಯಿರಿ" ಎಂದರು. ಎಂಥ ಸೈಕಲ್ ಎಂದು ಚೀಟಿಯಲ್ಲಿ ಬರೆದುಕೊಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಮೊದಲು ಒಂದು ಸಾಧಾರಣ ಕಬ್ಬಿಣದ ಸೈಕಲ್ ಬಂತು. ಅದನ್ನೇರಿ ಭಾನುವಾರ ಬೆಳಿಗ್ಗೆ ಪಾಮ್ ಬೀಚ್ ರಸ್ತೆಗೆ ಹೋದರೆ ಅಲ್ಲಿ ಬೇರೆಯೇ ಒಂದು ಲೋಕವಿತ್ತು. ಬಿಗಿ ಚಡ್ಡಿ ತೊಟ್ಟ ಬ್ಯಾಂಕ್ ಮ್ಯಾನೇಜರುಗಳು, ಬಿಲ್ಡರುಗಳು, ಹಲ್ಲಿನ ಡಾಕ್ಟರುಗಳು. ಎಲ್ಲರದೂ ಕಾರ್ಬನ್ನಿನ ಸೈಕಲ್, ಎರಡು ಬೆರಳಲ್ಲಿ ಎತ್ತುವಂಥದ್ದು. ಎತ್ತುವ ಕಷ್ಟವೂ ಅವರಿಗಿರಲಿಲ್ಲ, ಏಕೆಂದರೆ ಅವು ಕಾರಿನ ತಲೆಯ ಮೇಲೆ ಕೂತು ಬರುತ್ತಿದ್ದವು. ಒಂದು ದಿನ ಎಪ್ಪತ್ತು ದಾಟಿದ ಮುದುಕರೊಬ್ಬರು "ಗುಡ್ ಮಾರ್ನಿಂಗ್" ಎನ್ನುತ್ತ ಮುಂಡಪ್ಪನವರನ್ನು ಹಿಂದೆ ಹಾಕಿ ಹೋದರು. ಆ ವಾರವೇ ಕಬ್ಬಿಣದ ಸೈಕಲ್ ಬಿಲ್ಡಿಂಗಿನ ಪಾರ್ಕಿಂಗ್ ಮೂಲೆ ಸೇರಿತು, ಕಾರ್ಬನ್ನಿನದು ಮನೆ ಹೊಕ್ಕಿತು.

ಆ ಗುಂಪಿನ ವಾಟ್ಸಾಪ್‌ನಲ್ಲಿ ಒಂದು ಪ್ರಶ್ನೆ ವರ್ಷವಿಡೀ ಕುದಿಯುತ್ತಿತ್ತು: ನಮ್ಮಲ್ಲಿರುವ ಅತಿ ದುಬಾರಿ ಸೈಕಲ್ಲಿನಲ್ಲಿ ಕೆಲಸಕ್ಕೆ ಹೋಗಬೇಕೋ ಬೇಡವೋ? ಒಳ್ಳೆಯದನ್ನು ಇರುವಾಗಲೇ ಅನುಭವಿಸಬೇಕು, ಸತ್ತ ಮೇಲೆ ಯಾರು ತುಳಿಯುತ್ತಾರೆ ಎಂದು ಒಂದು ಪಕ್ಷ. ಕಳ್ಳರಿದ್ದಾರೆ, ಗುಂಡಿಗಳಿವೆ, ಕೆಲಸಕ್ಕೆ ಹಳೆಯದೇ ಲಾಯಕ್ಕು ಎಂದು ಇನ್ನೊಂದು. ಎರಡೂ ಪಕ್ಷದವರು ಈ ವಾದವನ್ನು ಕಾರಿನಲ್ಲಿ ಕೂತು ಆಫೀಸಿಗೆ ಹೋಗುವಾಗಲೇ ಟೈಪ್ ಮಾಡುತ್ತಿದ್ದರು.

ಮುಂಡಪ್ಪನವರು ಬೇಡವೆನ್ನುವ ಪಕ್ಷದಲ್ಲಿದ್ದರು. ಅವರನ್ನು ಆಚೆಗೆ ದಾಟಿಸಿದ್ದು ಯಾವ ತತ್ತ್ವವೂ ಅಲ್ಲ, ಒಂದು ಒದ್ದೆ ಟವೆಲು. ಹದಿನೆಂಟು ಸಾವಿರಕ್ಕೆ ಎಷ್ಟು ಮರ್ಯಾದೆ ಸಲ್ಲಬೇಕೋ ಅಷ್ಟೇ ಆ ಸೈಕಲ್ಲಿಗೆ ಮನೆಯಲ್ಲಿ ಸಿಕ್ಕಿತು. ವಿನೋದಾ ಹ್ಯಾಂಡಲ್ಲಿಗೆ ಟವೆಲು ಹರವಿದರು. ಮಗಳು ದಿಶಾ ಬ್ಯಾಂಕಿನಿಂದ ಬಂದವಳೇ ತನ್ನ ಬ್ಯಾಗನ್ನು ಅದಕ್ಕೆ ತೂಗುಹಾಕಿದಳು. ಕೆಲಸದ ಮಾನಮ್ಮ ನೆಲ ಒರೆಸುವ ಬಟ್ಟೆಯನ್ನು ಸೀಟಿನ ಮೇಲೆ ಹಿಂಡಿಟ್ಟ ದಿನ ಮುಂಡಪ್ಪನವರು ತಮ್ಮ ಕರವಸ್ತ್ರದಿಂದಲೇ ಸೀಟು ಒರೆಸಿದರು. ಮನೆಯಲ್ಲಿ ಬಿಟ್ಟರೆ ಇದು ಉಳಿಯುವುದಿಲ್ಲ ಎಂದು ಮರುದಿನ ಅದನ್ನೇರಿ ಹೋಟೆಲಿಗೆ ಹೊರಟರು.

ಆ ಬೆಳಿಗ್ಗೆ ಅವರಿಗೆ ಆದದ್ದು ಸುಖವೇ. ಸಾಲುಗಟ್ಟಿ ನಿಂತ ಲಾರಿಗಳ ನಡುವೆ ನುಸುಳಿ, ಸುಮ್ಮನೆ ಕಾಲಾಡಿಸಿದರೂ ಸೈಕಲ್ಲು ತಾನಾಗಿ ಮುಂದೆ ಹೋಗುತ್ತಿತ್ತು. ಮೈಯ ಭಾರವೆಲ್ಲ ಯಾರೋ ಇಳಿಸಿಕೊಂಡಂತಿತ್ತು. ಹೋಟೆಲಿನಲ್ಲಿ ಅದನ್ನು ಗಲ್ಲದ ಕಾಲಿಗೆ ಸರಪಳಿಯಿಂದ ಕಟ್ಟಿ, ದಿನವಿಡೀ ಒಂದು ಕಣ್ಣು ದುಡ್ಡಿನ ಮೇಲೆ, ಒಂದು ಕಣ್ಣು ಅದರ ಮೇಲೆ ಇಟ್ಟರು. ವಾರಗಟ್ಟಲೆ ಹೀಗೇ ನಡೆಯಿತು, ರಕ್ತದಲ್ಲಿ ಸಕ್ಕರೆಯೂ ಇಳಿಯಿತು.

ಇಳಿದದ್ದು ಸಕ್ಕರೆ ಮಾತ್ರವಲ್ಲ. ಬಟಾಟೆ ವ್ಯಾಪಾರಿಯೊಬ್ಬ ಚಹಾ ಕುಡಿಯುತ್ತ, "ಕಾಯ್ ಶೇಠ್, ಗಾಡಿ ವಿಕ್ಲಿ ಕಾ?" ಎಂದು ಕೇಳಿದ. ಕಾರು ಮಾರಿಲ್ಲ, ಇದು ಶುಗರಿಗೆ ಎಂದು ಮುಂಡಪ್ಪನವರು ವಿವರಿಸಿದರು. ಅವನು ಎರಡು ಸಲ "ಹಾಂ, ಹಾಂ" ಎಂದು ಎಂದೂ ಇಲ್ಲದ ಮೃದುವಾದ ದನಿಯಲ್ಲಿ ಹೇಳಿ ಹೋದ. ಊರು ಬಿಟ್ಟು ಬಂದು ಇಲ್ಲಿ ಹೋಟೆಲು ನಡೆಸುವ ನಮ್ಮವರ ಲೆಕ್ಕ ಸರಳ. ಸೈಕಲ್ಲಿನಿಂದ ಸ್ಕೂಟರಿಗೆ, ಸ್ಕೂಟರಿನಿಂದ ಕಾರಿಗೆ ಏರುವುದುಂಟು, ಕಾರಿನಿಂದ ಸೈಕಲ್ಲಿಗೆ ಇಳಿದವನು ಪಾಪರ್. ಅದರ ಮೇಲೆ ವಿನೋದಾ ಬೆಲೆಯನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವವರಲ್ಲ. ಡೊಂಬಿವಲಿಯ ತಂಗಿಗೆ, ಕಲ್ಯಾಣದ ನಾದಿನಿಗೆ, ಥಾಣೆಯ ಅತ್ತಿಗೆಗೆ ಫೋನ್ ಮಾಡಿ, "ಹದಿನೆಂಟು ಸಾವಿರದ ಸೈಕಲ್ ತಂದಿದ್ದಾರೆ, ಈಗ ಹೋಟೆಲಿಗೂ ಅದರಲ್ಲೇ" ಎಂದು ಅಲವತ್ತುಕೊಂಡಿದ್ದರು. ಅತ್ತಿಗೆಯಿಂದ ಮುಂದೆ ಹೋಗುವಾಗ ಅದು ಹದಿನೆಂಟು ಸಾವಿರಕ್ಕೆ ಕಾರು ಕೊಟ್ಟು ಸೈಕಲ್ ತಂದರಂತೆ ಎಂದಾಯಿತು.

ಆ ವರ್ಷ ನಮ್ಮವರ ಸಂಘದ ವಾರ್ಷಿಕೋತ್ಸವಕ್ಕೆ ದೇಣಿಗೆ ಕೇಳಲು ಯಾರೂ ಬರಲಿಲ್ಲ. ಮೊದಲು ಮುಂಡಪ್ಪನವರಿಗೆ ಹಾಯೆನಿಸಿತು. ಪಕ್ಕದ ಹೋಟೆಲಿಗೆ ಬಂದವರು ತಮ್ಮ ಬಾಗಿಲಿಗೆ ಬರುವಾಗ ತಲೆ ತಗ್ಗಿಸಿ ದಾಟಿಹೋದದ್ದನ್ನು ಕಂಡ ಮೇಲೆ ಆ ಹಾಯೂ ಹೋಯಿತು. ದೇಣಿಗೆ ಕೇಳಲು ಬಂದವರನ್ನು ಬೈಯುವುದು ನಮ್ಮ ಹಕ್ಕು. ಕೇಳಲೇ ಬಾರದಿದ್ದರೆ ನಾವು ಸತ್ತಂತೆ. ಮಾನ ಉಳಿಯಬೇಕಾದರೆ ಸೈಕಲ್ಲಿನ ನಿಜವಾದ ಬೆಲೆ ಊರಿಗೆ ಗೊತ್ತಾಗಬೇಕು, ಊರಿಗೆ ಗೊತ್ತಾದದ್ದು ವಿನೋದಾಗೆ ಗೊತ್ತಾಗದೆ ಇರುವುದಿಲ್ಲ. ಅತ್ತ ದರಿ, ಇತ್ತ ಪುಲಿ.

ಹೀಗಿರುವಾಗ ಥಾಣೆಯ ವಾಗ್ಳೆ ಎಸ್ಟೇಟಿನಿಂದ ಶಿವರಾಯನ ಫೋನು ಬಂತು. ಶಿವರಾಯ ಹಳೆಯ ಗೆಳೆಯ, ಹೋಟೆಲಿನವ. ದಿಶಾಳಿಗೆ ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ಪ್ರದೇಶದ ಜಯಶೀಲರ ಮಗ ಸಮಿತ್‌ನ ಸಂಬಂಧ ತಂದವನು ಅವನೇ. ಜಾತಕ ಕೂಡಿತ್ತು, ಭಾನುವಾರ ಅವರು ನೋಡಲು ಬರುವುದೆಂದಾಗಿತ್ತು.

"ಮಾರಾಯ, ಅವರ ಕಿವಿಗೆ ಏನೇನೋ ಬಿದ್ದಿದೆ," ಎಂದ ಶಿವರಾಯ. "ನೀನು ಸೈಕಲ್ಲಿಗೆ ಬಂದಿದ್ದೀ ಅಂತ. ನಾನು ಹೇಗೋ ಸಂಭಾಳಿಸಿದ್ದೇನೆ. ಆ ದಿನ ಕಾರು ತೊಳೆದು ಗೇಟಿನ ಎದುರೇ ನಿಲ್ಲಿಸು. ಸೈಕಲ್ಲು ಕಣ್ಣಿಗೆ ಬೀಳಬಾರದು ಆಯ್ತಾ."

ಭಾನುವಾರ ಕಾರು ಗೇಟಿಗೆ ಬಂತು. ಸೈಕಲ್ಲಿಗೆ ಬೆಡ್‌ಶೀಟ್ ಹೊದೆಸಿ ದಿಶಾಳ ಕೋಣೆಯ ಮೂಲೆಯಲ್ಲಿ ಅಡಗಿಸಿದರು. ಶಿವರಾಯನ ಜತೆ ಜಯಶೀಲ ಮತ್ತು ಸಮಿತ್ ಬಂದು ಸೋಫಾದ ಮೇಲೆ ಕೂತರು. ದಿಶಾ ಗೋಳಿಬಜೆ, ಶೀರಾ, ಚಹಾ ತಂದಿಟ್ಟು ತಾಯಿಯ ಪಕ್ಕ ಕೂತಳು.

"ವ್ಯಾಪಾರ ಹೇಗುಂಟು?" ಎಂದರು ಜಯಶೀಲ, ರೋಗಿಯ ಮಂಚದ ಬಳಿ ಕೇಳುವ ದನಿಯಲ್ಲಿ.

"ಪರವಾಗಿಲ್ಲ, ದೇವರು ನಡೆಸ್ತಾನೆ."

"ಸೈಕಲ್ಲಿನ ವಿಷಯ ಕೇಳಿದೆವು."

"ಅದು ಶುಗರಿಗೆ," ಎಂದರು ವಿನೋದಾ, ಗಂಡನ ಕಣ್ಸನ್ನೆ ತಲುಪುವ ಮೊದಲೇ. "ಹದಿನೆಂಟು ಸಾವಿರ ಕೊಟ್ಟು ತಂದದ್ದು."

ಜಯಶೀಲ ಕೆಮ್ಮಿ ಗೋಳಿಬಜೆಯ ತಟ್ಟೆಯನ್ನು ಸ್ವಲ್ಪ ದೂರ ಸರಿಸಿದರು. ಮಾತು ಅಲ್ಲೇ ಸಾಯುತ್ತದೆಂದು ಹೆದರಿದ ಶಿವರಾಯ ಎಲ್ಲ ಹೆಣ್ಣು ನೋಡುವ ಮನೆಯಲ್ಲೂ ಯಾರಾದರೊಬ್ಬರು ಹೇಳುವ ಮಾತನ್ನು ಹೇಳಿದ. "ಮಕ್ಕಳು ಒಳಗೆ ಹೋಗಿ ನಾಲ್ಕು ಮಾತಾಡಿಕೊಳ್ಳಲಿ."

ಒಳಗೆ ಎಂದರೆ ದಿಶಾಳ ಕೋಣೆ. ಮುಂಡಪ್ಪನವರು ಬಾಯಿ ತೆರೆಯುವಷ್ಟರಲ್ಲಿ ಇಬ್ಬರೂ ಎದ್ದು ಹೋಗಿಯಾಗಿತ್ತು. ಹೊರಗೆ ಕೂತವರು ಮಳೆ, ಲೋಕಲ್ ಟ್ರೇನು, ಗ್ಯಾಸ್ ಸಿಲಿಂಡರಿನ ರೇಟು ಎಲ್ಲವನ್ನೂ ಮುಗಿಸಿದರೂ ಅವರು ಬರಲಿಲ್ಲ. ಇಷ್ಟು ಹೊತ್ತು ಮಾತಾಡುತ್ತಿದ್ದಾರೆಂದರೆ ಒಳ್ಳೆಯ ಲಕ್ಷಣ ಎಂದು ಶಿವರಾಯ ಕಣ್ಣು ಮಿಟುಕಿಸಿದ. ಕೊನೆಗೆ ಸಮಿತ್ ಹೊರಬಂದ. ಹುಡುಗನ ಮುಖ ಅರಳಿತ್ತು.

"ಪಪ್ಪಾ, ಒಳಗೆ ಅಂಕಲ್‌ದು ಒಂದು ಸೈಕಲ್ ಉಂಟು. ಫುಲ್ ಕಾರ್ಬನ್. ಎರಡೂಮುಕ್ಕಾಲು ಲಕ್ಷದ್ದು. ನಾನು ನೆಟ್‌ನಲ್ಲಿ ಮಾತ್ರ ನೋಡಿದ್ದೆ."

ಜಯಶೀಲ ವಿನೋದಾರ ಕಡೆ ತಿರುಗಿದರು. "ಹದಿನೆಂಟು ಸಾವಿರ ಅಂದಿರಲ್ಲ?"

ವಿನೋದಾ ಗಂಡನನ್ನು ನೋಡಿದರು. ಮೂವತ್ತು ವರ್ಷದಲ್ಲಿ ಹಾಗೆ ನೋಡಿರಲಿಲ್ಲ. ಆಮೇಲೆ ಅತಿಥಿಗಳ ಕಡೆ ನಕ್ಕರು. "ಅದು ಒಂದು ಚಕ್ರದ್ದು. ಹೇಳುವಾಗ ಚಕ್ರ ಅನ್ನಲಿಕ್ಕೆ ನನಗೆ ಮರೆತುಹೋಗ್ತದೆ."

ಜಯಶೀಲ ಗೋಳಿಬಜೆಯ ತಟ್ಟೆಯನ್ನು ಮತ್ತೆ ಹತ್ತಿರ ಎಳೆದುಕೊಂಡರು. "ನಮಗೆ ಕೊಡುವುದು ತೆಗೆದುಕೊಳ್ಳುವುದು ಅಂತ ಏನೂ ಇಲ್ಲ ಮಾರ್ರೆ. ನಾವು ಆ ಜನ ಅಲ್ಲ. ಹುಡುಗನಿಗೆ ಆ ಸೈಕಲ್ಲಿನ ಮೇಲೆ ಸ್ವಲ್ಪ ಮನಸ್ಸಾದ ಹಾಗೆ ಕಾಣ್ತದೆ. ಅದು ನಿಮ್ಮ ಖುಷಿ."

ಮುಂಡಪ್ಪನವರು ನಕ್ಕು ತಲೆಯಾಡಿಸಿದರು. ಹೋದರೆ ಹೋಗಲಿ ಎಂದುಕೊಂಡರು, ಸೈಕಲ್ಲು ಕೊಟ್ಟು ಮಗಳ ಮದುವೆ, ಊರಿನ ಮರ್ಯಾದೆ ಎರಡೂ ಬರುವುದಾದರೆ ಅಗ್ಗವೇ.

ಅತಿಥಿಗಳು ಹೋಗಿ ಲಿಫ್ಟಿನ ಬಾಗಿಲು ಮುಚ್ಚಿದ್ದೇ ವಿನೋದಾ ಸೆರಗು ಸಿಕ್ಕಿಸಿಕೊಂಡರು. "ಇನ್ನು ಹೇಳಿ. ಒಂದು ಚಕ್ರ ಹದಿನೆಂಟು. ಉಳಿದದ್ದು ಎಷ್ಟು, ಯಾರ ಒಡವೆ ಇಟ್ಟು?"

ಅಷ್ಟರಲ್ಲಿ ದಿಶಾ ಕೋಣೆಯ ಬಾಗಿಲಲ್ಲಿ ಬಂದು ನಿಂತಳು. ಸೀರೆಯ ಪಿನ್ನುಗಳನ್ನು ಬಿಚ್ಚುತ್ತಿದ್ದಳು. ಅವಳಿಗೆ ಮನೆಮಾತು ಅರ್ಥವಾಗುತ್ತದೆ, ಉತ್ತರ ಮಾತ್ರ ಯಾವಾಗಲೂ ಹಿಂದಿಯಲ್ಲಿ.

"ಪಪ್ಪಾ, ಉಸ್‌ನೇ ಚಾದರ್ ಹಟಾಯಾ. ಫಿರ್ ಗೇರ್ ಪೂಛಾ, ವಜನ್ ಪೂಛಾ. ಮುಝ್‌ಸೇ ಕುಛ್ ನಹೀ ಪೂಛಾ." ಬೆಡ್‌ಶೀಟ್ ಸರಿಸಿದ ಮೇಲೆ ಅವನು ಕೇಳಿದ್ದೆಲ್ಲ ಸೈಕಲ್ಲಿನ ಗೇರು, ಸೈಕಲ್ಲಿನ ತೂಕ. ಅವಳು ಕೊನೆಯ ಪಿನ್ನನ್ನೂ ಬಿಚ್ಚಿದಳು. "ಬೋಲಾ, ಜರಾ ಸಾಮ್ನೇ ಸೇ ಹಟೋ, ಫೋಟೋ ಲೇನಾ ಹೈ."

ಸ್ವಲ್ಪ ಎದುರಿನಿಂದ ಸರಿ, ಫೋಟೋ ತೆಗೆಯಬೇಕು. ಹೆಣ್ಣು ನೋಡಲು ಬಂದವನು ಹೆಣ್ಣಿಗೆ ಹೇಳಿದ ಮಾತು ಅದು. ವಿನೋದಾರ ಸೆರಗು ತಾನಾಗಿ ಸಡಿಲಾಯಿತು. ಮುಂಡಪ್ಪನವರಿಗೆ ನಾಚಿಕೆಯಾಯಿತು, ಸಮಿತ್‌ನ ಬಗ್ಗೆ ಅಲ್ಲ. ಆ ಮೂಲೆಯ ವಸ್ತುವನ್ನು ಮಗಳಿಗಿಂತ ಹೆಚ್ಚು ಹೊತ್ತು ನೋಡಿದವರಲ್ಲಿ ಆ ಹುಡುಗ ಮೊದಲನೆಯವನಲ್ಲ ಎಂದು ಅವರಿಗೆ ಗೊತ್ತಿತ್ತು.

ಅವರು ಫೋನು ಎತ್ತಿಕೊಂಡರು. ಹುಡುಗಿ ಒಪ್ಪಲಿಲ್ಲ ಎಂದರೆ ಡೊಂಬಿವಲಿಯಿಂದ ಕಲ್ಯಾಣದವರೆಗೆ ಹುಡುಗಿಗೆ ಸೊಕ್ಕು ಎಂದು ಸುದ್ದಿಯಾಗುತ್ತದೆ. ಮುಂದಿನ ಸಂಬಂಧವೂ ಕೆಡುತ್ತದೆ. ಇಷ್ಟು ದಿನ ಯಾವ ಮಾತಿಗೆ ಹೆದರಿ ತಲೆ ತಗ್ಗಿಸಿ ನಡೆದಿದ್ದರೋ ಆ ಮಾತನ್ನೇ ಕೈಯಾರೆ ತೆಗೆದುಕೊಂಡರು.

"ಶಿವರಾಯ, ನೀನು ಕೇಳಿದ್ದು ನಿಜ ಮಾರಾಯ. ನನ್ನ ಪರಿಸ್ಥಿತಿ ಸರಿ ಇಲ್ಲ."

"ಮತ್ತೆ ಆ ಲಕ್ಷದ ಸೈಕಲ್ಲು?"

"ಸಾಲದ್ದು. ಶೋಕಿ ಮಾಡಲಿಕ್ಕೆ ಹೋಗಿ ಸಿಕ್ಕಿಬಿದ್ದೆ. ಕಾರು ಕೂಡ ಮಾರುವ ಅಂತ ಉಂಟು. ಅವರಿಗೆ ಹೇಳು, ನಾಳೆ ನನ್ನಿಂದ ಮೋಸವಾದ ಹಾಗೆ ಆಗುವುದು ಬೇಡ."

ಮಗಳ ಹೆಸರು ಎತ್ತಲಿಲ್ಲ. ವಿನೋದಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡರು. ಜಯಶೀಲರ ಉತ್ತರ ಬರಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಇನ್ನೊಬ್ಬ ಭಟ್ಟರಿಗೆ ತೋರಿಸಿದಾಗ ಜಾತಕ ಕೂಡುವುದಿಲ್ಲವೆಂದು ತಿಳಿಯಿತಂತೆ.

ಮರುದಿನ ಬೆಳಿಗ್ಗೆ ಮುಂಡಪ್ಪನವರು ಗೋಡೆಯ ಮೊಳೆಯಿಂದ ಕಾರಿನ ಕೀ ತೆಗೆದುಕೊಂಡರು. ಹಿಂದಿನ ದಿನದಿಂದ ಮಾತು ಬಿಟ್ಟಿದ್ದ ವಿನೋದಾ ಎದುರು ಬಂದು ಕೈ ಚಾಚಿದರು.

"ಅದು ಇಲ್ಲಿ ಕೊಡಿ. ಪಾಪರ್ ಆದವರು ಕಾರಲ್ಲಿ ಹೋದರೆ ಯಾರು ನಂಬ್ತಾರೆ?"

"ಹಾಗಾದ್ರೆ ಕೆಳಗಿನ ಕಬ್ಬಿಣದ್ದು ತಗೊಂಡು ಹೋಗ್ತೇನೆ."

"ಅದು ಭಾರ. ನಿಮ್ಮ ಮೊಣಕಾಲಿಗೆ ಆಗುವುದಿಲ್ಲ."

ವಿನೋದಾ ಮಗಳ ಕೋಣೆಗೆ ಹೋಗಿ ಬೆಡ್‌ಶೀಟ್ ತೆಗೆದರು. ಭಾರವಿರಬಹುದೆಂದು ಎರಡೂ ಕೈ ಹಾಕಿ ಎತ್ತಿದರು, ಅದರ ಹಗುರ ಕಂಡು ಒಂದು ಕೈ ಬಿಟ್ಟರು. ಹಾಗೆಯೇ ಒಂದೇ ಕೈಯಲ್ಲಿ ಹೊರಗೆ ತಂದು ಗಂಡನ ಮುಂದೆ ಇಳಿಸಿದರು.

"ಹದಿನೆಂಟು ಸಾವಿರದ್ದರಲ್ಲೇ ಹೋಗಿ," ಎಂದರು.